ಐದನೇ ತಿಂಗಳ ಸ್ಕ್ಯಾನಿನಲ್ಲಿ ಡಾಕ್ಟರು ಹೇಳಿದ್ದು

ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ರಕ್ತ ಹೋದದ್ದು ಅತ್ತೆ ಹೇಳಿದ ಕೆಲಸ ಮಾಡಿದ್ದರಿಂದ ಅಲ್ಲ. ಹಾಗಾಗಬಹುದೆಂದು ಡಾಕ್ಟರು ಐದನೇ ತಿಂಗಳಲ್ಲೇ ನನಗೆ ಎಚ್ಚರಿಕೆ ಕೊಟ್ಟಿದ್ದರು. ನಾನು ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಮೇಲೆ ಎಲ್ಲರೂ ಸೇರಿ ಅತ್ತೆಯನ್ನು ದೂರಿದಾಗಲೂ ಬಾಯಿ ಬಿಡಲಿಲ್ಲ. ಮಗಳು ಈಗ ಎರಡನೇ ಕ್ಲಾಸಿನಲ್ಲಿದ್ದಾಳೆ. ಇಷ್ಟು ವರ್ಷ ಆ ಹೆಂಗಸು ನನ್ನ ತಪ್ಪನ್ನು ತನ್ನದೆಂದುಕೊಂಡು ಬದುಕಿದರು — ಅದೂ ನನ್ನ ಕಣ್ಣೆದುರೇ.

ನಮ್ಮದು ಭದ್ರಾವತಿ. ಮಾವ ಕಾಗದದ ಕಾರ್ಖಾನೆಯಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಕಾಗದನಗರದ ಕ್ವಾರ್ಟರ್ಸ್ ಬಿಟ್ಟು ಹಳೇನಗರದ ಬಾಡಿಗೆ ಮನೆಗೆ ಬಂದೆವು. ನನ್ನ ಗಂಡನಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ. ನನ್ನ ತವರು ಶಿವಮೊಗ್ಗ. ಮದುವೆಯಾದ ಮೇಲೆ ಮೊದಲು ನಿಂತ ಬಸುರು ಮೂರನೇ ತಿಂಗಳಿಗೇ ಹೋಗಿತ್ತು. ಆಗ ಅತ್ತೆ ಪಕ್ಕದ ಮನೆಯವರ ಹತ್ತಿರ, "ಇವಳಿಗೆ ನಿಲ್ಲುತ್ತೋ ಇಲ್ವೋ, ಆ ಶಿವನೇ ಬಲ್ಲ" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅವರು ಸಂಕಟದಿಂದಲೇ ಅಂದಿದ್ದರು, ಇವತ್ತು ಯೋಚಿಸಿದರೆ ಹಾಗೆಯೇ ಅನ್ನಿಸುತ್ತದೆ. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತು.

ಎರಡನೇ ಸಲ ನಿಂತಾಗ ಐದನೇ ತಿಂಗಳಿನ ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಹೋದೆವು. ಸ್ಕ್ಯಾನ್ ಕೋಣೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಇವರು ಹೊರಗೆ ಕುಳಿತರು. ಒಳಗೆ ಮಬ್ಬುಗತ್ತಲು, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಡಾಕ್ಟರಮ್ಮ ಮೊದಲು ಮಾತಾಡುತ್ತಲೇ ಇದ್ದರು — ಇದು ತಲೆ, ಇದು ಬೆನ್ನು, ನೋಡಿ ಕಾಲು ಆಡಿಸ್ತಿದೆ. ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದರು. ಕೈಯಲ್ಲಿದ್ದ ಯಂತ್ರವನ್ನು ಹೊಟ್ಟೆಯ ಕೆಳಭಾಗದಲ್ಲಿ ಒತ್ತಿ, ತಿರುಗಿಸಿ, ಮತ್ತೆ ಅಲ್ಲಿಗೇ ತಂದು ಒತ್ತಿದರು. ಅವರ ಮುಖ ಪರದೆಯ ಬೆಳಕಿನಲ್ಲಿ ಕಾಣುತ್ತಿತ್ತು. ನಾನು ಆ ಮುಖವನ್ನೇ ನೋಡುತ್ತಿದ್ದೆ. ಮಗುವಿನ ಎದೆ ನಿಂತುಹೋಗಿದೆ ಎಂದೇ ಅಂದುಕೊಂಡೆ.

"ಮಗು ಚೆನ್ನಾಗಿದೆಯಮ್ಮ, ಹೆದರ್ಬೇಡ" ಎಂದರು ಕೊನೆಗೆ. "ಆದ್ರೆ ಪ್ಲಾಸೆಂಟಾ ಕೆಳಗಿದೆ. ಮಾಸು ಅಂತೀವಲ್ಲ, ಅದು. ಗರ್ಭದ ಬಾಯಿಗೇ ಅಡ್ಡ ಬಂದು ಕೂತಿದೆ. ಬಹಳ ಜನಕ್ಕೆ ತಿಂಗಳು ತುಂಬ್ತಾ ಮೇಲೆ ಹೋಗುತ್ತೆ. ಹೋಗದಿದ್ರೆ ತೊಂದ್ರೆ. ಭಾರ ಎತ್ಬೇಡ, ಓಡಾಟ ಕಡಿಮೆ ಮಾಡು. ನೋವಿಲ್ದೆ ಬ್ಲೀಡಿಂಗ್ ಆದ್ರೂ ಆಗ್ಬಹುದು. ಒಂದು ಹನಿ ಕಂಡ್ರೂ ತಕ್ಷಣ ಆಸ್ಪತ್ರೆಗೆ ಬರ್ಬೇಕು. ಎಂಟನೇ ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸ್ಲೇಬೇಕು. ನಿಮ್ಮನೆಯವ್ರನ್ನ ಕರಿ, ಅವ್ರಿಗೂ ಹೇಳ್ತೀನಿ."

"ಬೇಡ ಮೇಡಂ, ನಾನೇ ಹೇಳ್ತೀನಿ" ಅಂದೆ.

ಹೊರಗೆ ಬಂದಾಗ ಇವರು ಎದ್ದು ನಿಂತು, "ಏನಂದ್ರು?" ಎಂದು ಕೇಳಿದರು. ಅವರ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ —

"ಎಲ್ಲ ನಾರ್ಮಲ್ ಅಂತೆ" ಎಂದುಬಿಟ್ಟೆ. ರಿಪೋರ್ಟಿನ ಕವರನ್ನು ಚೀಲದ ತಳಕ್ಕೆ ತುರುಕಿದೆ.

ಯಾಕೆ ಹಾಗೆ ಹೇಳಿದೆ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹುಚ್ಚು ಭಯವಿತ್ತು. ಇವಳಿಗೆ ಈ ಸಲವೂ ನಿಲ್ಲುವುದಿಲ್ಲ ಎಂದು ಅತ್ತೆ ಮತ್ತೆ ಯಾರಿಗೋ ಹೇಳುತ್ತಾರೆ ಎಂಬ ಅಳುಕಿತ್ತು. ಮೇಲೆ ಹೋಗುತ್ತೆ ಅಂದರಲ್ಲ, ಹೋಗಿಯೇ ಹೋಗುತ್ತದೆ, ಆಮೇಲೆ ನಗುತ್ತಾ ಹೇಳಿದರಾಯಿತು — ಹೀಗೂ ಲೆಕ್ಕ ಹಾಕಿದ್ದೆ.

ಆವತ್ತಿನ ಬಸ್ ಪ್ರಯಾಣ ಮರೆತಿಲ್ಲ. ಹಂಪ್ ಬಂದಾಗಲೆಲ್ಲ ಮುಂದಿನ ಸೀಟಿನ ಕಂಬಿ ಹಿಡಿದು ಮೈಯನ್ನು ಮೇಲಕ್ಕೆತ್ತುತ್ತಿದ್ದೆ. ಇವರು ನಕ್ಕರು, "ಇಷ್ಟೊಂದು ನಾಜೂಕಾ?" ಎಂದರು. ನಾನೂ ನಕ್ಕೆ.

ಅಲ್ಲಿಂದ ಶುರುವಾದ ಭಯವನ್ನು ಹೇಗೆ ಹೇಳಲಿ... ಬಚ್ಚಲಿಗೆ ಹೋದಾಗಲೆಲ್ಲ ಮೊದಲು ಬಟ್ಟೆ ನೋಡುತ್ತಿದ್ದೆ. ಏನೂ ಇಲ್ಲದಿದ್ದರೆ ಗೋಡೆಗೆ ತಲೆಯಾನಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಹೊರಗೆ ಬಂದ ಮೇಲೆ ಮತ್ತೆ ಅನುಮಾನ, ಮತ್ತೆ ಒಳಗೆ ಹೋಗುವುದು. ಸೀನು ಬಂದರೆ ಬಾಯಿ ಮುಚ್ಚಿ ತಡೆಯುತ್ತಿದ್ದೆ. ಅತ್ತೆ ಇಲ್ಲದ ಹೊತ್ತು ನೋಡಿ ಮೊಬೈಲಿನಲ್ಲಿ ಹುಡುಕುತ್ತಿದ್ದೆ. ತಾಯಿಯೂ ಹೋದಳು, ಮಗುವೂ ಹೋಯಿತು ಎಂಬಂಥದ್ದೇ ಕಣ್ಣಿಗೆ ಬೀಳುತ್ತಿತ್ತು, ಮೊಬೈಲ್ ಆರಿಸಿಬಿಡುತ್ತಿದ್ದೆ. ಮಗು ಒದ್ದಾಗ ಸುಖವೆನಿಸುವ ಬದಲು, ಮೆಲ್ಲಗೆ ಒದಿ ಕಂದಾ, ಕೆಳಗೆ ಒದೆಯಬೇಡ ಎಂದು ಬೇಡಿಕೊಳ್ಳುತ್ತಿದ್ದೆ.

ಎಂಟನೇ ತಿಂಗಳು ಬಂತು. ಸ್ಕ್ಯಾನಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮಾಸು ಅಲ್ಲೇ ಇದೆ, ಮೇಲೆ ಹೋಗಿಲ್ಲ ಎಂದು ಡಾಕ್ಟರಮ್ಮ ಹೇಳಿಬಿಟ್ಟರೆ? ಇವರು ಕೇಳಿದಾಗ, "ಇನ್ನೊಂದು ಸ್ಕ್ಯಾನ್ ಬೇಡ ಅಂದಿದ್ದಾರೆ" ಎಂದು ಎರಡನೇ ಸುಳ್ಳು ಹೇಳಿದೆ. ಮೊದಲನೆಯದಕ್ಕಿಂತ ಇದು ಸುಲಭವಾಗಿ ಬಂತು.

ಆ ತಿಂಗಳಲ್ಲೇ ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ ಕೂಗಿದರು. "ಸುಮಾ, ಆ ಅಕ್ಕಿ ಡಬ್ಬ ಸ್ವಲ್ಪ ಈಚೆಗೆ ಎಳಿ ಮಾರಾಯ್ತಿ. ನನ್ನ ಸೊಂಟ ಇವತ್ತು ಬಗ್ತಾನೇ ಇಲ್ಲ."

ಆಗುವುದಿಲ್ಲ ಅತ್ತೆ ಎಂದಿದ್ದರೆ ಅವರು ಯಾಕೆ ಎನ್ನುತ್ತಿದ್ದರು. ಯಾಕೆ ಎಂದರೆ ನಾನು ಹೇಳಬೇಕಾಗುತ್ತಿತ್ತು. ಎಳೆದೆ. ಡಬ್ಬ ಅರ್ಧ ಖಾಲಿಯೇ ಇತ್ತು, ಸುಲಭವಾಗಿ ಜಾರಿತು.

ಮಧ್ಯಾಹ್ನ ಊಟಕ್ಕೆ ಏಳುವಾಗ ಕಾಲಿನ ಮೇಲೆ ಬೆಚ್ಚಗೆ ಏನೋ ಇಳಿಯಿತು. ನೋವಿಲ್ಲ, ಏನೂ ಇಲ್ಲ. ನೋಡಿದರೆ ನೆಲವೆಲ್ಲ ಕೆಂಪು. ಕಿರುಚಿದ್ದು ಅತ್ತೆ. ಎದುರು ಮನೆಯ ರಫೀಕ್ ಭಾಯ್ ಆಟೋ ತಂದರು. ಭದ್ರಾವತಿ ಆಸ್ಪತ್ರೆಯವರು ನೋಡಿದ್ದೇ ತಡ, ಆಂಬುಲೆನ್ಸಿಗೆ ಹಾಕಿ ಶಿವಮೊಗ್ಗಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅತ್ತೆ ನನ್ನ ಪಾದ ಉಜ್ಜುತ್ತಾ ಕೂತಿದ್ದರು. "ನಾನೇ ಎಳೆಸ್ದೆ... ನನ್ನ ಬಾಯಿಗೆ ಮಣ್ಣು ಹಾಕ. ನಾನೇ ಎಳೆಸ್ದೆ" — ಅದೊಂದೇ ಮಾತು. ಆಗಲೇ, ಅಲ್ಲೇ ಹೇಳಬಹುದಿತ್ತು. ನನಗೆ ಪ್ರಜ್ಞೆಯಿತ್ತು.

ಆಪರೇಷನ್ ಕೋಣೆಯಲ್ಲಿ ಡಾಕ್ಟರು, "ಹಿಂದಿನ ಸ್ಕ್ಯಾನಲ್ಲಿ ಏನ್ ಹೇಳಿದ್ರಮ್ಮ?" ಎಂದು ಕೇಳಿದರು. ಸಾಯುತ್ತೇನೆ ಎಂಬ ಹೆದರಿಕೆಗೆ ನಿಜ ಹೇಳಿದೆ: "ಮಾಸು ಕೆಳಗಿದೆ ಅಂದಿದ್ರು."

"ಗೊತ್ತಿದ್ದೂ ಮತ್ತೆ ತೋರಿಸ್ಲಿಲ್ವಾ? ಹೊಟ್ಟೇಲಿ ಮಗು ಇದೆ ಅನ್ನೋದಾದ್ರೂ ನೆನಪಿತ್ತಾ?" ಎಂದರು. ಅಷ್ಟರಲ್ಲಿ ಮಂಪರು ಕವಿಯಿತು.

ಇಬ್ಬರೂ ಉಳಿದೆವು. ನನಗೆ ಯಾರು ಯಾರದೋ ರಕ್ತ ಹಾಕಿದರು. ಮೊಳದುದ್ದದ ಮಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಡಾಕ್ಟರು ಇವರಿಗೆ "ಮಾಸು ಕೆಳಗಿತ್ತು, ಅದಕ್ಕೇ ಬ್ಲೀಡಿಂಗ್" ಎಂದಷ್ಟೇ ಹೇಳಿದ್ದರು. ಅದು ನಮ್ಮವರ ಬಾಯಲ್ಲಿ, ಡಬ್ಬ ಎಳೆದದ್ದಕ್ಕೆ ಮಾಸು ಕೆಳಗೆ ಜಾರಿತು ಎಂದಾಯಿತು. ಹಾಗೆ ಆಗುವುದಿಲ್ಲವೆಂದು ಗೊತ್ತಿದ್ದವಳು ಆ ಮನೆಯಲ್ಲಿ ನಾನೊಬ್ಬಳೇ.

ಮರುದಿನ ವಾರ್ಡಿನಲ್ಲಿ ನನ್ನ ಮಂಚದ ಪಕ್ಕ ನಿಂತು ಅಮ್ಮ ಅತ್ತೆಯನ್ನು ಕೇಳಿದಳು. "ತುಂಬು ಬಸುರಿ ಕೈಲಿ ಅಕ್ಕಿ ಡಬ್ಬ ಎಳೆಸ್ತೀರಲ್ಲ, ನಿಮ್ಮ ಹೊಟ್ಟೇಲಿ ಹುಟ್ಟಿದ ಮಗಳಾಗಿದ್ರೆ ಎಳೆಸ್ತಿದ್ರಾ?" ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಇವರು ತಾಯಿಯ ಪರವಾಗಿ ಒಂದು ಮಾತೂ ಆಡಲಿಲ್ಲ. ಅತ್ತೆ ಸೆರಗಿನ ತುದಿ ಹಿಡಿದು ನಿಂತೇ ಇದ್ದರು. ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವಳಂತೆ ಮಲಗಿದ್ದೆ.

ಮೊದಲಿನದು ಭಯವಾದರೆ ಇದು ಏನು?

ಮಗಳನ್ನು ಮನೆಗೆ ತಂದಾಗ ಅತ್ತೆ ಎತ್ತಿಕೊಳ್ಳಲಿಲ್ಲ. ತೊಟ್ಟಿಲಲ್ಲಿ ಅವಳು ಅತ್ತರೆ ದೂರದಲ್ಲೇ ನಿಂತು, "ಸುಮಾ, ಕೂಸು ಅಳ್ತಿದೆ" ಎನ್ನುತ್ತಿದ್ದರು. ಬಾಣಂತಿತನದಲ್ಲೂ ಆಮೇಲೂ ನನ್ನನ್ನು ಒಂದು ಕೊಡ ನೀರು ಎತ್ತಲು ಬಿಟ್ಟವರಲ್ಲ. ಬಗ್ಗದ ಸೊಂಟದಲ್ಲೇ ಎಲ್ಲ ತಾವೇ ಎಳೆದಾಡಿದರು. ಇವರಿಗೂ ತಾಯಿಗೂ ನಡುವೆ ಬೇಕಾದಷ್ಟೇ ಮಾತು. ಹೇಳಬೇಕು, ನಾಳೆ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಗೊತ್ತಾದರೆ ಇವರು ನನ್ನನ್ನು ಹೇಗೆ ನೋಡುತ್ತಾರೋ ಎಂದು ಹೆದರಿ ಮತ್ತೆ ಮುಂದೂಡುತ್ತಿದ್ದೆ. ಅತ್ತೆ ಮಾಡಿಕೊಟ್ಟ ಕಾಫಿ ಕುಡಿಯುತ್ತಲೇ ಮುಂದೂಡುತ್ತಿದ್ದೆ.

ಕಳೆದ ವಾರ ನನ್ನ ಓರಗಿತ್ತಿ, ಮೈದುನನ ಹೆಂಡತಿ ಕಾವ್ಯಾ ದಾವಣಗೆರೆಯಿಂದ ಅತ್ತೆಗೆ ಫೋನ್ ಮಾಡಿದಳು. ಅವಳಿಗೀಗ ಐದು ತಿಂಗಳು. ಸ್ಕ್ಯಾನ್ ಮುಗಿಸಿ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಅಳುತ್ತಾ, "ಅತ್ತೆ, ಮಾಸು ಕೆಳಗಿದೆಯಂತೆ, ನಂಗೆ ತುಂಬಾ ಹೆದ್ರಿಕೆ ಆಗ್ತಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅಷ್ಟನ್ನು ಹೇಳುವುದೇ ನನಗೆ ಆಗದೇ ಹೋಗಿತ್ತು. ನಿಮ್ಮ ಹತ್ತಿರ ಬಂದು ಇರಲಾ ಎಂದೂ ಕೇಳಿದಳು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಇಲ್ಲಿಗೆ ಬೇಡಮ್ಮ. ನನ್ನ ಕೈ ಒಳ್ಳೇದಲ್ಲ. ನಿಮ್ಮಮ್ಮನ ಮನೇಗೆ ಹೋಗು" ಎಂದು ಫೋನಿಟ್ಟರು.

ಅವರೆದುರು ನೆಲದ ಮೇಲೆ ಕುಳಿತು ಹೇಳಿದೆ. ಸ್ಕ್ಯಾನಿನ ಕೋಣೆಯಿಂದ ಹಿಡಿದು ಒಂದನ್ನೂ ಬಿಡದೆ.

"ಹಂಗಾದ್ರೆ ಡಬ್ಬ ಎಳೆದಿದ್ದಕ್ಕಲ್ವಾ?" ಎಂದರು ಅತ್ತೆ.

"ಅಲ್ಲ ಅತ್ತೆ."

"ಆಸ್ಪತ್ರೇಲಿ ನಿಮ್ಮಮ್ಮ ಅಷ್ಟು ಮಾತಾಡಿದ್ಲಲ್ಲ... ಆಗ ನೀನು ಎಚ್ರ ಇದ್ಯಾ?"

ಇಷ್ಟು ವರ್ಷ ನಾನು ಹೆದರಿದ ಪ್ರಶ್ನೆಗಳಲ್ಲಿ ಇದು ಇರಲೇ ಇಲ್ಲ. ಮತ್ತೊಂದು ಸುಳ್ಳು ನಾಲಿಗೆಯ ತುದಿಗೆ ಬಂದದ್ದೂ ನಿಜ.

"ಇದ್ದೆ" ಅಂದೆ.

ಅವರು ಗೋಡೆ ಹಿಡಿದು ಏಳತೊಡಗಿದರು. ಎಬ್ಬಿಸಲು ಕೈ ಚಾಚಿದೆ. ಅವರು ಅದನ್ನು ಹಿಡಿಯಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆ ಇವರಿಗೂ ಹೇಳಿದೆ. ಇವರು ಕೇಳಿಸಿಕೊಂಡು, ನನ್ನ ಕಡೆ ನೋಡದೆ, ಸೀದಾ ತಾಯಿಯ ಕೋಣೆಯ ಮುಂದೆ ಹೋಗಿ ನಿಂತು "ಅಮ್ಮಾ" ಎಂದರು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ತಿಳಿಯುವ ಹಕ್ಕೂ ಇಲ್ಲ.

ಅತ್ತೆ ಕಾವ್ಯಾಳಿಗೆ ತಾವೇ ಫೋನ್ ಮಾಡಿ ಬಾ ಎಂದಿದ್ದಾರೆ. ನನ್ನ ಜೊತೆ ಮಾತಿಲ್ಲ. ಮಾತಾಡಿ ಎಂದು ನಾನೂ ಕೇಳಿಲ್ಲ. ಭಾನುವಾರ ಅಮ್ಮ ಬರುತ್ತಾಳೆ. ಎಲ್ಲರೂ ಕೂತಿರುವಾಗ, ಅತ್ತೆಯ ಕಿವಿಗೆ ಬೀಳುವಂತೆ ಅವಳಿಗೆ ಹೇಳುತ್ತೇನೆ. ಈಗಿನಿಂದಲೇ ಎದೆ ಹೊಡೆದುಕೊಳ್ಳುತ್ತಿದೆ. ಹೊಡೆದುಕೊಳ್ಳಲಿ. ಈ ಸಲ ಕಣ್ಣು ಮುಚ್ಚುವುದಿಲ್ಲ.