ಮಾವ ಊದಿದಾಗ

ಮನೆಯಲ್ಲಿ ಅವಳನ್ನು ಎಲ್ಲರೂ ಯಾಕಮ್ಮ ಅಂತಲೇ ಕರೆಯುತ್ತಿದ್ದರು. ಮಾತು ಕಲಿತಾಗಿನಿಂದ ಅವಳ ಬಾಯಲ್ಲಿ 'ಯಾಕೆ' ಬಿಟ್ಟು ಬೇರೆ ಬಂದದ್ದೇ ಕಡಿಮೆ. ಒದ್ದೆ ಬಟ್ಟೆಯ ಬಣ್ಣ ಗಾಢವಾಗುವುದು ಯಾಕೆ, ಅಜ್ಜನ ಕಿವಿಯಲ್ಲಿ ಕೂದಲು ಯಾಕೆ, ಆಕಳಿಕೆ ಒಬ್ಬರಿಂದ ಒಬ್ಬರಿಗೆ ಹತ್ತುವುದು ಯಾಕೆ ಅಂತ ಬೆನ್ನು ಬಿಡದೆ ಕೇಳುತ್ತಿದ್ದಳು. ತಾಯಿ ಒಮ್ಮೆ ಸಾಕಾಗಿ, "ಯಾಕಮ್ಮ ತಾಯಿ, ಯಾಕೆ ಹಿಂಗೆ ನನ್ನ ತಲೆ ತಿಂತೀಯ?" ಅಂದದ್ದೇ ಹೆಸರಾಗಿ ನಿಂತುಬಿಟ್ಟಿತು. ಅದರಲ್ಲೊಂದು ತೊಡಕೂ ಇತ್ತು. ಯಾರಾದರೂ 'ಯಾಕಮ್ಮ' ಅಂದರೆ ಕರೆದರೋ ಕಾರಣ ಕೇಳಿದರೋ ತಿಳಿಯುತ್ತಿರಲಿಲ್ಲ. ಅವಳು ಓಗೊಟ್ಟು, ಕಾರಣವನ್ನೂ ಹೇಳಿ ಮುಗಿಸುತ್ತಿದ್ದಳು.

ಮೂವತ್ತು ದಾಟಿದರೂ ಆ ಚಾಳಿ ಬಿಟ್ಟಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ಚಿಕ್ಕ ಕೋಣೆ, ಅಗಲ ಕೈಯ ಕುರ್ಚಿ, ಬಣ್ಣಬಣ್ಣದ ಮುಚ್ಚಳದ ಪುಟ್ಟ ಟ್ಯೂಬುಗಳು, ಸ್ಪಿರಿಟ್ಟಿನ ವಾಸನೆ. ಗಂಡ ಮುದ್ರಣಾಲಯದಲ್ಲಿದ್ದ. ಅವನಿಗೆ ಮಾತು ಕಡಿಮೆ, ಅವಳಿಗೆ ಪ್ರಶ್ನೆ ಜಾಸ್ತಿ. ಹಾಗಾಗಿ ಸಂಸಾರ ಸರಾಗವಾಗಿ ನಡೆದಿತ್ತು.

ಅವಳ ಪ್ರಶ್ನೆಗಳಿಗೆ ಬೇಸರವಿಲ್ಲದೆ ಕಿವಿಗೊಡುತ್ತಿದ್ದವನು ಸೋದರಮಾವ ಒಬ್ಬನೇ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಹಗಲಿಡೀ ಗಾಜು ಕೊಯ್ದು, ಮರದ ಪಟ್ಟಿ ಕತ್ತರಿಸಿ, ಮೊಳೆ ಹೊಡೆಯುತ್ತಿದ್ದ. ಸಂಜೆಯಾದರೆ ಜಾದೂಗಾರ. ಹುಟ್ಟುಹಬ್ಬ, ಸಂಘದ ಕೂಟ, ಶಾಲೆಯ ಸಮಾರಂಭ, ಎಲ್ಲಿ ಕರೆದರೂ ಕಪ್ಪು ಕೋಟು ತೊಟ್ಟು ಸ್ಕೂಟರ್ ಹತ್ತುತ್ತಿದ್ದ. ಅವನ ಹೆಂಡತಿ, ಯಾಕಮ್ಮನ ಅತ್ತೆ, ಜೊತೆಗೆ ಹೋಗಿ ಸಾಮಾನು ಜೋಡಿಸಿಕೊಡುತ್ತಿದ್ದಳು. ಕೋಟಿನ ಒಳಗಿನ ಗುಟ್ಟಿನ ಜೇಬುಗಳನ್ನು ಹೊಲಿದವಳೂ ಅವಳೇ.

ಆ ಸಲ ಅತ್ತೆಯ ಕಾಲು ಉಳುಕಿತ್ತು. "ನೀನು ಬಾರೇ" ಅಂತ ಮಾವ ಯಾಕಮ್ಮನನ್ನು ಕರೆದುಕೊಂಡು ಹೋದ. ಒಂದು ಮನೆಯ ತಾರಸಿಯ ಮೇಲೆ ಹುಟ್ಟುಹಬ್ಬ. ಸಾಮಾನು ಜೋಡಿಸಿಟ್ಟು ಅವಳು ಜನರ ನಡುವೆ ಕುರ್ಚಿ ಹಿಡಿದು ಕೂತಳು. ಮಾವನ ಜಾದೂವನ್ನು ಅವಳು ಹೀಗೆ ಎದುರಿಗೆ ಕೂತು ನೋಡಿದ್ದು ಅದೇ ಮೊದಲು.

ಮಾವ ಬಲಗೈಯಲ್ಲಿದ್ದ ಕೆಂಪು ಸ್ಪಂಜಿನ ಚೆಂಡನ್ನು ಎಡಗೈಗೆ ಹಾಕಿದ, ಮುಷ್ಟಿ ಮುಚ್ಚಿದ, ಮುಷ್ಟಿ ತೆರೆದ. ಚೆಂಡಿರಲಿಲ್ಲ. ನಿಜ ನೋಡಿದರೆ ಅದು ಎಡಗೈಗೆ ಹೋಗಿಯೇ ಇರಲಿಲ್ಲ, ಬಲಗೈಯಲ್ಲೇ ಉಳಿದು ಕೋಟಿನ ಜೇಬಿಗೆ ಜಾರಿತ್ತು. ಅಷ್ಟು ನುಣುಪಾದ ಕೈ ಮಾವನದು. ಗುಟ್ಟು ಗೊತ್ತಿದ್ದ ಅವಳ ಕಣ್ಣಿಗೂ ಅದು ಸಿಕ್ಕಲಿಲ್ಲ. ಆದರೆ ಚಪ್ಪಾಳೆಯೇ ಬೀಳಲಿಲ್ಲ. ಮಕ್ಕಳು ಇನ್ನೂ ಏನೋ ಆಗಲಿದೆ ಅನ್ನುವ ಹಾಗೆ ನೋಡುತ್ತಲೇ ಇದ್ದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಯಾವಾಗಲೋ ತೆಗೆದುಬಿಟ್ಟಿದ್ದಾನೆ ಬಿಡಿ" ಅಂದು ಮೊಬೈಲು ಹೊರತೆಗೆದರು.

ಹಿಂದಿರುಗುವಾಗ ಮಾವ ಸ್ಕೂಟರ್ ಓಡಿಸುತ್ತಲೇ ಹೇಳಿದ. "ಇವತ್ತು ಕೈ ಎಷ್ಟು ಚೆನ್ನಾಗಿ ಬಂತು ನೋಡ್ದೆಯಾ? ಒಬ್ಬರಿಗೂ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ಲ ಮಾವ. ಮತ್ತೆ ಯಾಕೆ ಯಾರೂ ಚಪ್ಪಾಳೆ ಹೊಡೀಲಿಲ್ಲ?"

"ಜನ ಹಂಗೇ ಕಣೇ" ಅಂದ ಮಾವ. ಅವನಿಗೂ ಅದು ಚುಚ್ಚುತ್ತಿತ್ತು ಅನ್ನುವುದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಆ ಪ್ರಶ್ನೆ ಅವಳ ತಲೆ ಹೊಕ್ಕು ಕೂತಿತು. ಇಷ್ಟು ಅಚ್ಚುಕಟ್ಟಾದ ಕೆಲಸಕ್ಕೆ ಜನ ಬೆರಗಾಗದೆ ಇರುವುದು ಯಾಕೆ? ಉತ್ತರದ ಎಳೆ ಸಿಕ್ಕಿದ್ದು ಅವಳ ಕುರ್ಚಿಯಲ್ಲೇ.

ಒಬ್ಬ ಲಾರಿ ಡ್ರೈವರ್ ಬಂದಿದ್ದ. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು, ಸೂಜಿ ಅಂದರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿ ಕೈ ಚಾಚಿದ. ಅವಳು ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಹತ್ತಿಗೆ ಸ್ಪಿರಿಟ್ ಹಾಕಿಕೊಂಡು, "ಈಗ ನೋಡಿ ಅಣ್ಣ" ಅಂತ ನರದ ಮೇಲೆ ಒರೆಸಿದಳು. ಆಸಾಮಿ "ಅಮ್ಮಾ" ಅಂತ ಮುಲುಗಿ ಕಾಲು ಝಾಡಿಸಿದ. ಆಮೇಲೆ ಉಸಿರು ಬಿಟ್ಟು ಹಗುರಾದ. ಲಾರಿಯ ಬ್ರೇಕಿನ ಕಥೆ ಶುರು ಮಾಡಿದ. ಆ ಕಥೆಯ ನಡುವೆ ಅವಳು ಸೂಜಿ ಹಾಕಿದಳು, ಟ್ಯೂಬು ತುಂಬಿತು, ಸೂಜಿ ತೆಗೆದಳು. ಬ್ರೇಕಿನ ಕಥೆ ಮಾತ್ರ ಎಲ್ಲೂ ನಿಲ್ಲಲಿಲ್ಲ.

"ಆಯ್ತು, ಕೈ ಮಡಚಿ ಹಿಡ್ಕೊಳ್ಳಿ."

"ಈ ಸಲ ಸ್ವಲ್ಪ ಜೋರಾಗೇ ಚುಚ್ಚಿದ್ರಿ ಸಿಸ್ಟರ್."

"ಯಾವಾಗ?"

"ಅದೇ, ಈಗ ಅಂದ್ರಲ್ಲ, ಆಗ."

"ಅದು ಹತ್ತಿ ಅಣ್ಣ."

"ಸುಮ್ನಿರಿ ಸಿಸ್ಟರ್, ನೋವು ಆಗಿದ್ದು ನನಗೆ" ಅಂತ ಅವನು ಎದ್ದು ಹೋದ.

ಅವಳು ಆ ದಿನವೆಲ್ಲ ಅದನ್ನೇ ನೋಡತೊಡಗಿದಳು. ಹತ್ತಿ ಒರೆಸುವಾಗ 'ಈಗ' ಅಂದರೆ ಬಹಳ ಮಂದಿಗೆ ಅಲ್ಲೇ ನೋವು. ಏನೂ ಹೇಳದೆ ಸೂಜಿ ಹಾಕಿದರೆ ಕೆಲವರು, "ಆಗಲೇ ಹಾಕಿದ್ರಾ?" ಅನ್ನುತ್ತಿದ್ದರು. ಸೂಜಿ ಒಂದು ಕಡೆ, ನೋವು ಇನ್ನೊಂದು ಕಡೆ. ನೋವೆಲ್ಲ 'ಈಗ' ಅನ್ನುವ ಮಾತಿನ ಬೆನ್ನಿಗೆ ಹೋಗಿ ಕೂರುತ್ತಿತ್ತು.

ಸಂಜೆ ನೆಟ್ಟಗೆ ಮಾವನ ಅಂಗಡಿಗೆ ಹೋದಳು.

"ಮಾವ, ನೀನು 'ಈಗ' ಅಂತ ಹೇಳೋದೇ ಇಲ್ಲ."

ಮಾವ ಗಾಜಿನ ಮೇಲೆ ಸ್ಕೇಲ್ ಇಟ್ಟು ಅಳೆಯುತ್ತಿದ್ದ. ತಲೆ ಎತ್ತದೆ, "ಏನು ಹೇಳೋದಿಲ್ಲ?" ಅಂದ.

"ಚೆಂಡು ಯಾವಾಗ ಹೋಯ್ತು ಅಂತ. ನೀನು ಮುಷ್ಟಿ ಮುಚ್ಚಿದೆ, ತೆರೆದೆ. ಹೋಗಿದ್ದು ಯಾವಾಗ ಅಂತ ನೀನೇ ಹೇಳದಿದ್ರೆ ಜನ ಹಿಂದಕ್ಕೆ ಹುಡುಕ್ಕೊಂಡು ಹೋಗ್ತಾರೆ. ಯಾವಾಗಲೋ ತೆಗೆದಿದ್ದಾನೆ ಅಂತಾರೆ. ನಿಜವಾಗ್ಲೂ ನೀನು ಆಗಲೇ ತಾನೇ ತೆಗೆದಿರೋದು?"

ಮಾವನ ಮುಖ ಗಂಟಿಕ್ಕಿತು. ಅದೊಂದು ವಿಷಯದಲ್ಲಿ ಅವನಿಗೆ ಹಟ. ಕೋಲು ಆಡಿಸುವುದು, ಮಂತ್ರ ಹೇಳುವುದು, ಚಿಟಿಕೆ ಹೊಡೆಯುವುದು ಎಲ್ಲ ಕೈ ಪಳಗದವರ ವೇಷ ಅನ್ನುತ್ತಿದ್ದ. "ಇಲ್ಲದ ಚೆಂಡಿನ ಮೇಲೆ ಮಂತ್ರ ಹಾಕೋದಾ? ಅದು ಸುಳ್ಳು ಕಣೇ."

"ಚೆಂಡು ಆ ಕೈಯಲ್ಲಿದೆ ಅಂತ ತೋರಿಸಿದೆಯಲ್ಲ, ಅದು?"

ಮಾವ ಮತ್ತೆ ಗಾಜಿನತ್ತ ಬಾಗಿದ. ವಜ್ರದ ಮೊನೆಯಿಂದ ಗಾಜಿನ ಮೇಲೆ ಗೆರೆ ಎಳೆದ, ಕಿರ್ರೆಂದಿತು. ಗಾಜನ್ನು ಮೇಜಿನ ಅಂಚಿಗೆ ಸರಿಸಿ ಬೆರಳಿನಿಂದ ಮೆಲ್ಲಗೆ ತಟ್ಟಿದ. ಟಕ್ ಅಂತ ಎರಡಾಯಿತು.

"ಮಾವ, ಗಾಜು ಮುರಿದಿದ್ದು ಯಾವಾಗ? ಗೀರಿದಾಗಲೋ ತಟ್ಟಿದಾಗಲೋ?"

"ತಟ್ಟಿದಾಗ" ಅಂದುಬಿಟ್ಟು ಮಾವ ನಾಲಿಗೆ ಕಚ್ಚಿಕೊಂಡ. ಆ ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದ. ಆಮೇಲೆ, "ಗೀರಿದ್ರೆ ಕೆಲಸ ಮುಗೀತು ನಿಜ. ತಟ್ಟೋದು ಸುಮ್ನೆ" ಅಂದ. ಅಂದವನು, "ಸುಮ್ನೆ ಅಂತಲೂ ಅನ್ನೋ ಹಾಗಿಲ್ಲ" ಅಂತ ತನಗೆ ತಾನೇ ಸೇರಿಸಿಕೊಂಡ.

ಆ ಭಾನುವಾರ ಅಡುಗೆಮನೆಯಲ್ಲಿ ಪರೀಕ್ಷೆ ನಡೆಯಿತು. ಅತ್ತೆ ಉಳುಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಬಟಾಣಿ ಸುಲಿಯುತ್ತಿದ್ದಳು. ಮದುವೆಯಾದಾಗಿನಿಂದ ಗಂಡನ ಜಾದೂ ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಅವಳನ್ನು ಬೆರಗಾಗಿಸುವುದೆಂದರೆ ಗೋಡೆಯನ್ನು ನಗಿಸಿದ ಹಾಗೆ. ಇದಕ್ಕಿಂತ ಒಳ್ಳೆಯ ಪ್ರೇಕ್ಷಕಿ ಸಿಗಲಾರಳು ಅಂತ ಯಾಕಮ್ಮನೇ ಅವಳನ್ನು ಆರಿಸಿದ್ದಳು.

ಮಾವ ಕಪ್ಪು ಕೋಟು ತೊಟ್ಟು ಬಂದು, ಚೆಂಡನ್ನು ಎಡಗೈಗೆ ಹಾಕಿದ ಹಾಗೆ ಮಾಡಿ, ಮುಚ್ಚಿದ ಮುಷ್ಟಿಯ ಮೇಲೆ ಕೈ ಆಡಿಸಿದ. "ನೊಣ ಓಡಿಸ್ತಿದ್ದೀರಾ?" ಅಂದಳು ಅತ್ತೆ. ಚಿಟಿಕೆ ಹೊಡೆದ. ಗಾಜು ಹಿಡಿದು ಹಿಡಿದು ಒರಟಾದ ಬೆರಳು, ಸದ್ದೇ ಬರಲಿಲ್ಲ. ಮಂತ್ರದ ಹಾಗೆ ಏನೋ ಗೊಣಗಿದ. "ಸೀನು ಬಂದ್ರೆ ಸೀನಿಬಿಡಿ ರೀ, ಹಿಡ್ಕೋಬೇಡಿ" ಅಂದಳು. ಯಾಕಮ್ಮನಿಗೆ ನಕ್ಕು ನಕ್ಕು ಹೊಟ್ಟೆ ನೋವು ಬಂತು. ಸಿಟ್ಟಿನಿಂದ ಎದ್ದು ಹೊರಟ ಮಾವನನ್ನು ಅವಳೇ ತೋಳು ಹಿಡಿದು ಕೂರಿಸಿದಳು.

"ಅಂಗಡೀಲಿ ಫೋಟೋ ಕಟ್ಟು ಹಾಕಿದ ಮೇಲೆ ಕೊನೆಗೆ ಏನು ಮಾಡ್ತೀಯ ಮಾವ?"

"ಗಾಜಿನ ಮೇಲೆ ಧೂಳಿರುತ್ತೆ. ಊದ್ತೀನಿ."

"ಹಂಗೇ ಊದು. ಊದಿ, ತಕ್ಷಣ ತೆರೀಬೇಡ. ಸ್ವಲ್ಪ ತಡಿ."

ಮಾವ ಮುಷ್ಟಿಯನ್ನು ತುಟಿಯ ಹತ್ತಿರ ತಂದ. ಅಂಗಡಿಯಲ್ಲಿ ಮಾಡುವ ಹಾಗೆಯೇ ತುಟಿ ಸಣ್ಣದು ಮಾಡಿ, ಯಾವ ಠೀವಿಯೂ ಇಲ್ಲದೆ, ಮೆತ್ತಗೆ ಊದಿದ. ಮುಷ್ಟಿಯನ್ನೇ ನೋಡುತ್ತ ಸುಮ್ಮನಿದ್ದ. ಅತ್ತೆಯ ಕೈಯಲ್ಲಿದ್ದ ಬಟಾಣಿ ಕಾಯಿ ಅರ್ಧ ಸುಲಿದು ನಿಂತಿತು. ಮಾವ ಒಂದೊಂದಾಗಿ ಬೆರಳು ಬಿಡಿಸಿದ. ಅಂಗೈ ಖಾಲಿ.

ಅತ್ತೆ ಬಗ್ಗಿ ಆ ಅಂಗೈಯನ್ನೊಮ್ಮೆ ನೋಡಿದಳು. ಆಮೇಲೆ, "ಇನ್ನೊಂದ್ಸಲ ಮಾಡಿ" ಅಂದಳು.

"ಯಾಕೆ, ಚೆಂಡು ಎಲ್ಲಿದೆ ಅಂತ ನಿನಗೆ ಗೊತ್ತಿಲ್ವಾ? ಆ ಜೇಬು ಹೊಲಿದವಳೇ ನೀನು" ಅಂದ ಮಾವ.

"ಗೊತ್ತು. ಆದ್ರೂ ನೀವು ಊದಿದಾಗ ಹೋಯ್ತು" ಅಂದಳು ಅತ್ತೆ, ಸ್ವಲ್ಪ ನಾಚಿಕೊಂಡು. ಮತ್ತೆ ಬಟಾಣಿಗೆ ಕೈ ಹಾಕಿದಳು.

ಮುಂದಿನ ಕಾರ್ಯಕ್ರಮ ನಿವೃತ್ತ ನೌಕರರ ಸಂಘದ ಹಾಲಿನಲ್ಲಿತ್ತು. ಮಾವ ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸನ್ನು ಮೇಲೆ ಕರೆದ. ಆಕೆ ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಒಂದು ಕೆಂಪು ಚೆಂಡನ್ನು ತೋರಿಸಿ ಅವರ ಅಂಗೈಗೆ ಒತ್ತಿ, "ಗಟ್ಟಿಯಾಗಿ ಮುಚ್ಚಿಕೊಳ್ಳಿ ಅಮ್ಮ" ಅಂದ. ಒಂದು ಅಂತ ತೋರಿಸಿದರೂ ಒತ್ತಿದ್ದು ಎರಡು. ಸ್ಪಂಜು ತಾನೇ, ಅದುಮಿದರೆ ಎರಡೂ ಒಂದೇ ಆಗಿ ಕೂರುತ್ತವೆ. ಆಮೇಲೆ ಮಾವ ಬಾಗಿ, ಅವರ ಮುಷ್ಟಿಯ ಮೇಲೆ ಊದಿದ. ಹಾಲಿನಲ್ಲಿ ಫ್ಯಾನುಗಳ ಸದ್ದು ಮಾತ್ರ ಉಳಿಯಿತು. ಮುಷ್ಟಿ ತೆರೆಯುವ ಮೊದಲೇ ಆಕೆ ಕಣ್ಣರಳಿಸಿ, "ಏನೋ ಅಲ್ಲಾಡ್ತು" ಅಂದರು. ತೆರೆದರೆ ಎರಡು ಚೆಂಡು ಪುಟಕ್ಕನೆ ನೆಗೆದು ಬಿದ್ದವು. ಮಾವನಿಗೆ ಅಂಥ ಚಪ್ಪಾಳೆ ಎಂದೂ ಬಿದ್ದಿರಲಿಲ್ಲ. ಅದನ್ನು ಏನು ಮಾಡುವುದು ಅಂತ ತಿಳಿಯದೆ ಅವನು ಕೋಟಿನ ಗುಂಡಿ ತಿರುವುತ್ತ ನಿಂತ.

ಯಾಕಮ್ಮನಿಗೆ ಚಪ್ಪಾಳೆಗಿಂತ ಆ ಮಾತು ಹಿಡಿಸಿತ್ತು. ಕಾರ್ಯಕ್ರಮ ಮುಗಿದ ಮೇಲೆ ಆಕೆಯ ಪಕ್ಕ ಹೋಗಿ ಕೂತಳು.

"ಅಮ್ಮ, ಅಲ್ಲಾಡ್ತು ಅಂದ್ರಲ್ಲ, ಹೆಂಗಿತ್ತು?"

"ಅವರು ಊದಿದ್ರಲ್ಲ, ಆಗ ಒಂದು ಚೆಂಡು ಉಬ್ಬಿ ಎರಡಾಯ್ತು. ಹಕ್ಕಿಮರಿ ಹಿಡ್ಕೊಂಡ್ರೆ ಒದ್ದಾಡುತ್ತಲ್ಲ, ಹಂಗೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಎರಡೂ ಮೊದಲಿನಿಂದ ಅಲ್ಲೇ ಇದ್ದವು ಅನ್ನುವುದು ಯಾಕಮ್ಮನಿಗೆ ಗೊತ್ತಿತ್ತು. ಆದರೆ ಅವರ ಪಾಲಿಗೆ ಒದ್ದಾಡಿದ್ದೂ ನಿಜವೇ. ಮನೆಗೆ ಬಂದವಳೇ ಮಾವನಿಂದ ತನ್ನ ಮುಷ್ಟಿಗೆ ಎರಡು ಚೆಂಡು ಹಾಕಿಸಿಕೊಂಡು ಊದಿಸಿಕೊಂಡಳು. ಅವಳಿಗೆ ಏನೂ ಆಗಲಿಲ್ಲ. ಮತ್ತೆ ಊದಿಸಿದಳು. ಸ್ವಲ್ಪ ಗಾಳಿ ತಾಗಿತು, ಅಷ್ಟೇ. ಮಾವ ನಕ್ಕ. ಅವಳಿಗೆ ನಿಜಕ್ಕೂ ಬೇಜಾರಾಯಿತು.

ಲ್ಯಾಬಿನಲ್ಲಿ ಮಾತ್ರ ಈ ಆಟ ಹಾಗೇ ಸಾಗಲಿಲ್ಲ. ವಾರಕ್ಕೊಮ್ಮೆ ಪರೀಕ್ಷೆಗೆ ರಕ್ತ ಕೊಡಲು ಬರುವ ಗಣಿತದ ಟೀಚರೊಬ್ಬರಿದ್ದರು. ಒಂದು ದಿನ ಅವಳು ಹತ್ತಿ ಹಿಡಿದು 'ಈಗ' ಅಂದ ತಕ್ಷಣ, ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಈಗ ಅಂತೀರಿ, ಹತ್ತಿ ಇಡ್ತೀರಿ. ಆಮೇಲೆ ಮಾತಾಡಿಸ್ತಾ ಸೂಜಿ ಹಾಕ್ತೀರಿ. ಬಂದಾಗಲೆಲ್ಲ ನೋಡ್ತಿದ್ದೀನಿ."

ಅವಳು ತಡವರಿಸಿದಳು. "ನೋವಾಗಬಾರದು ಅಂತ ಮೇಡಂ." ಮಾವನ ಜಾದೂ, ಲಾರಿ ಡ್ರೈವರ್, ಹತ್ತಿ, ಎಲ್ಲವನ್ನೂ ಹೇಳಿಬಿಟ್ಟಳು. ಟೀಚರ್ ಪೂರ್ತಿ ಕೇಳಿಸಿಕೊಂಡರು.

"ಸ್ವಾರಸ್ಯವಾಗಿದೆ. ಆದ್ರೆ ಜಾದೂಗೆ ಹೋದವರು ಮೋಸ ಹೋಗೋಕೆ ಅಂತಲೇ ಹೋಗಿರ್ತಾರೆ. ನಾನು ಬಂದಿರೋದು ರಕ್ತ ಕೊಡೋಕೆ. ನನಗೆ ನಿಜವಾದ 'ಈಗ' ಹೇಳಿ."

ಅವಳು ಸೂಜಿ ಹಾಕುವಾಗಲೇ 'ಈಗ' ಅಂದಳು. ಟೀಚರ್ ಕಣ್ಣು ಮಿಟುಕಿಸದೆ ಸೂಜಿಯನ್ನೇ ನೋಡಿದರು, ತುಟಿ ಸ್ವಲ್ಪ ಬಿಗಿಯಾಯಿತು, ಅಷ್ಟೇ. ಅಂದಿನಿಂದ ಅವಳು ಪ್ರತಿಯೊಬ್ಬರನ್ನೂ ಮೊದಲೇ ಕೇಳತೊಡಗಿದಳು. ಚುಚ್ಚುವಾಗ ಹೇಳಲಾ, ಮಾತಾಡಿಸ್ತಾ ಹಾಕಿಬಿಡಲಾ? ಲಾರಿ ಡ್ರೈವರ್ ಮತ್ತೆ ಬಂದಾಗ ಅವನನ್ನೂ ಕೇಳಿದಳು. ಅವನು ಆಗಲೇ ಕಣ್ಣು ಮುಚ್ಚಿಕೊಂಡಿದ್ದ. "ಸುಳ್ಳೇ ಹೇಳಿ ಸಿಸ್ಟರ್" ಅಂದ.

ಮಾವನನ್ನು ಈಗ ಮೊದಲಿಗಿಂತ ಹೆಚ್ಚು ಕಡೆ ಕರೆಯುತ್ತಾರೆ. ಅತ್ತೆಯ ಕಾಲು ವಾಸಿಯಾಗಿ ಅವಳು ಮತ್ತೆ ಸಾಮಾನು ಜೋಡಿಸಲು ಹೋಗುತ್ತಾಳೆ. ಯಾಕಮ್ಮನೂ ರಜೆ ಇದ್ದಾಗ ಆಟೋದಲ್ಲಿ ಹಿಂಬಾಲಿಸುತ್ತಾಳೆ. ಅಲ್ಲಿ ಅವಳಿಗೆ ಬೇರೆ ಕೆಲಸವಿಲ್ಲ. ಮಾವ ಯಾರ ಮುಷ್ಟಿಯ ಮೇಲೆ ಊದಿದನೋ ಅವರನ್ನು ಆಮೇಲೆ ಹುಡುಕಿಕೊಂಡು ಹೋಗಿ, ಒಳಗೆ ಏನನ್ನಿಸಿತು ಅಂತ ಕೇಳುವುದೇ ಅವಳ ಕೆಲಸ. ಒಬ್ಬಳಿಗೆ ಬಿಸಿಯಾಯಿತಂತೆ. ಇನ್ನೊಬ್ಬರಿಗೆ ತೂಕ ಹೆಚ್ಚಾಯಿತಂತೆ. ಒಬ್ಬ ದರ್ಜಿ ಕಚಗುಳಿಯಾಯಿತು ಅಂದ.

ಮೊನ್ನೆ ಒಂದು ಹೊಸ ಕಟ್ಟಡದ ಅಂಗಳದಲ್ಲಿ ಕಾರ್ಯಕ್ರಮವಿತ್ತು. ಮಾವ ಕರೆದದ್ದು ಅದನ್ನು ಕಟ್ಟಿದ ಗಾರೆ ಕೆಲಸದವನನ್ನು. ಊದಿದ್ದಾಯಿತು, ಎರಡು ಚೆಂಡು ಬಂತು, ಜನ ಕೇಕೆ ಹಾಕಿದರು. ಆಮೇಲೆ ಯಾಕಮ್ಮ ಅವನ ಬಳಿ ಹೋಗಿ ಮಾಮೂಲಿ ಪ್ರಶ್ನೆ ಕೇಳಿದಳು. ಅವನು ಅಂಗೈ ತೋರಿಸಿದ. ಸಿಮೆಂಟು ತಿಂದು ತಿಂದು ಅದು ಚಪ್ಪಲಿಯ ಅಟ್ಟೆಯ ಹಾಗಾಗಿತ್ತು.

"ಈ ಕೈಗೆ ಕುದಿಯೋ ಟೀ ಲೋಟ ಹಿಡಿದ್ರೂ ಗೊತ್ತಾಗಲ್ಲಕ್ಕ. ಚೆಂಡು ಇಟ್ಟಿದ್ದೇ ಗೊತ್ತಾಗಲಿಲ್ಲ."

"ಹಂಗಿದ್ರೆ ಎರಡಾಗಿದ್ದು ಯಾವಾಗ?"

"ಊದಿದಾಗ."

"ಏನೂ ಗೊತ್ತಾಗಲಿಲ್ಲ ಅಂದ್ರಿ?"

ಅವನು ಇವಳಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಅನ್ನುವ ಹಾಗೆ ಮುಖ ನೋಡಿದ. "ಅವರು ಊದಿದ್ದನ್ನ ನಾನೇ ಕಣ್ಣಾರೆ ನೋಡಿದೆನಲ್ಲಕ್ಕ" ಅಂದ.

ಅವಳು ಆಟೋ ಹತ್ತಿ, ಮನೆ ಬರುವ ತನಕ ಕೈಗೆ ಏನೂ ತಿಳಿಯದವನಿಗೂ ಅದು ಊದಿದಾಗಲೇ ಆದದ್ದು ಯಾಕೆ ಅಂತ ಯೋಚಿಸುತ್ತ ಕೂತಿದ್ದಳು.