ಎಡಗಿವಿಯ ದಿಂಬು

ಬೆಳಿಗ್ಗೆ ಕಾಫಿ ಕುಡಿಯುತ್ತ ಅರ್ಧ ಗಂಟೆ ಹಾಡು ಕೇಳಿ, ಹೆಡ್‌ಫೋನ್ ತೆಗೆದಿಟ್ಟು ಎದ್ದೆ. ನನ್ನ ಹೆಂಡತಿ ಬನಿಯನ್ನಿನ ಭುಜ ನೋಡಿ, “ಇದೇನ್ರೀ, ಇಲಿ ಹಿಕ್ಕೆ ಥರ ಉದ್ರೋಗದೆ?” ಎಂದಳು. ಇಲಿಯದ್ದಲ್ಲ, ಹೆಡ್‌ಫೋನಿನದು. ಕಿವಿಯ ಸುತ್ತ ಕೂರುವ ಮೆತ್ತನೆಯ ಕರಿ ಬಳೆಗಳಿವೆಯಲ್ಲ, ಅವುಗಳ ಮೇಲಿನ ಪೊರೆ ಚೂರುಚೂರಾಗಿ ಉದುರುತ್ತಿತ್ತು. ಕಂಪನಿಯಿಂದಲೇ ತರಿಸಿದ ಅಸಲಿ ಮಾಲು. ಒಂದು ಚೂರನ್ನು ಬೆರಳಲ್ಲಿ ಉಜ್ಜಿ ಮೂಸಿದೆ. ಬಿಸಿಲಲ್ಲಿ ನಿಂತ ಹಳೇ ಬಸ್ಸಿನ ಸೀಟಿನ ವಾಸನೆ. ಆ ವಾಸನೆಗೆ ನನ್ನ ಮಟ್ಟಿಗೆ ಒಬ್ಬ ಮನುಷ್ಯನ ಹೆಸರಿದೆ, ಆ ಹೆಸರು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಿಬಿಡುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ. ನಾನು ಭೌತಶಾಸ್ತ್ರದ ಮೇಷ್ಟ್ರು. ಮನೆ ಚಾಮರಾಜನಗರದಲ್ಲಿ, ಕೆಲಸದ ಕೊನೆಯ ವರ್ಷಗಳೆಲ್ಲ ಗುಂಡ್ಲುಪೇಟೆಯಲ್ಲಿ. ದಿನಾ ತೆರಕಣಾಂಬಿ ಮೇಲೆ ಬಸ್ಸು. ಜೊತೆಯವರು ಸೈಟು ಕೊಂಡರು, ಕಾರು ಕೊಂಡರು, ನಾನು ಹೆಡ್‌ಫೋನು ಕೊಂಡೆ. ಒಂದು ಜರ್ಮನಿಯದು, ಒಂದು ಜಪಾನಿನದು. ಜರ್ಮನಿಯದರ ಬೆನ್ನು ತೆರೆದಿದೆ, ಗಾಳಿಯಾಡುತ್ತದೆ. ಅದರಲ್ಲಿ ಕೇಳಿದರೆ ಹಾಡುವವರು ಎದುರು ಜಗಲಿಯ ಮೇಲೆ ಕೂತು ಹಾಡಿದಂತಿರುತ್ತದೆ. ಆದರೆ ಪಕ್ಕದ ಮನೆಯ ಮಿಕ್ಸಿಯೂ ಕಛೇರಿಗೆ ಬಂದು ಕೂರುತ್ತದೆ. ಜಪಾನಿನದು ಮುಚ್ಚಿದ್ದು. ಮಿಕ್ಸಿ ಹೊರಗೇ ನಿಲ್ಲುತ್ತದೆ, ಮೃದಂಗದ ಎಡಗಡೆಯ ಗುಮ್ಮೆನ್ನುವ ಪೆಟ್ಟು ಎದೆಗೇ ಬೀಳುತ್ತದೆ, ಆದರೆ ಹಾಡುವವರು ಜಗಲಿ ಬಿಟ್ಟು ನಿಮ್ಮ ತಲೆಯೊಳಗೇ ಬಾಡಿಗೆಗೆ ಬಂದುಬಿಡುತ್ತಾರೆ. ಯಾವುದು ಮೇಲು? ಇದೇ ನನ್ನ ಭಾನುವಾರಗಳ ಕೆಲಸ. ಒಂದೇ ಹಾಡು, ಒಂದೇ ಎತ್ತರದ ಸದ್ದು, ಐದೈದು ನಿಮಿಷಕ್ಕೆ ಅದಲುಬದಲು, ಪಕ್ಕದಲ್ಲಿ ನೋಟ್‌ಬುಕ್ಕು. ಹೆಂಡತಿ ಕುಕ್ಕರು ಇಡಲು ನನ್ನ ಅಪ್ಪಣೆಗೆ ಕಾಯಬೇಕಾಗಿತ್ತು.

ಹೀಗೆ ಬರೆದದ್ದನ್ನು ಫೋನಿನ ಒಂದು ಗುಂಪಿಗೆ ಕಳಿಸುತ್ತಿದ್ದೆ. ಮೈಸೂರು, ಊಟಿ, ಕೊಯಮತ್ತೂರಿನಲ್ಲಿರುವ ನನ್ನಂಥ ಹುಚ್ಚರ ಗುಂಪು. ಯಾರು ಏನು ಕೊಳ್ಳಬೇಕಾದರೂ, ಮೇಷ್ಟ್ರು ಏನಂದರು ಎಂದು ಕೇಳುವರು. ನನ್ನನ್ನು ‘ಬಂಗಾರದ ಕಿವಿ’ ಎಂದು ಕರೆಯುತ್ತಿದ್ದರು. ತಮಾಷೆಗೇ ಶುರುವಾದದ್ದು, ನಾನು ಮಾತ್ರ ನಿಜವೆಂದು ನಂಬಿಬಿಟ್ಟೆ.

ಇನ್ನು ಇನಾಯತ್ ಅವರು. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಅವರ ಕುಶನ್ ಅಂಗಡಿ. ಲಾರಿ ಸೀಟು, ಜೀಪಿನ ಸೀಟು, ಆಟೋ ಹುಡ್ಡು, ಮದುವೆಮನೆಯವರ ಸೋಫಾ. ರಾತ್ರಿ ಬಂಡೀಪುರದ ಗೇಟು ಹಾಕುವುದರಿಂದ ಈ ಕಡೆ ಉಳಿಯುವ ಕೇರಳದ ಡ್ರೈವರುಗಳು ಬೆಳಿಗ್ಗೆ ಹೊರಡುವ ಮುಂಚೆ ಹರಿದ ಸೀಟು ತಂದು ಇಡುತ್ತಿದ್ದರು. ಅವರ ಜೊತೆ ಮಲಯಾಳ, ಮನೆಯೊಳಗೆ ಉರ್ದು, ನಮ್ಮ ಜೊತೆ ಅಪ್ಪಟ ಗುಂಡ್ಲುಪೇಟೆ ಕನ್ನಡ. ಬಸ್ಸು ತಡವಾದಾಗ ನಾನು ಅಲ್ಲಿ ಕೂರುತ್ತಿದ್ದೆ. ಒಮ್ಮೆ ಒಬ್ಬ ಜೀಪಿನವನು, ತನ್ನ ಸೀಟು ಎಡಕ್ಕೆ ಕುಸಿಯುತ್ತದೆ, ಹೊಲಿಗೆ ಸರಿಯಿಲ್ಲ ಎಂದು ಜಗಳಕ್ಕೆ ಬಂದ. ಇನಾಯತ್ ಮುಂದಿನ ಎರಡೂ ಸೀಟು ಬಿಚ್ಚಿ ಅದನ್ನು ಇಲ್ಲಿಗೆ, ಇದನ್ನು ಅಲ್ಲಿಗೆ ಹಾಕಿ ಅವನನ್ನು ಮೊದಲಿನ ಜಾಗದಲ್ಲೇ ಕೂರಿಸಿದರು. ಆಗಲೂ ಎಡಕ್ಕೇ ಕುಸಿಯಿತು. “ಸೀಟಲ್ಲ ಕಣಪ್ಪ, ಗಾಡಿ ಕೆಳಗ್ಲ ಸ್ಪ್ರಿಂಗ್ ನೋಡ್ಸು” ಎಂದು ಮತ್ತೆ ಸೂಜಿ ಹಿಡಿದರು. ತರಗತಿಯಲ್ಲಿ ನಾನು ಒಂದು ವಾರ ಹೇಳಿಕೊಡುವ ಪಾಠವನ್ನು ಈ ಮನುಷ್ಯ ಐದು ನಿಮಿಷದಲ್ಲಿ ಮುಗಿಸಿದರಲ್ಲ ಎಂದು ಬೆರಗಾದೆ. ಬೆರಗಾದೆ ಅಷ್ಟೇ, ಕಲಿಯಲಿಲ್ಲ.

ಜಪಾನಿನ ಹೆಡ್‌ಫೋನಿನ ಬಳೆಗಳು ಹರಿದಾಗ ಅವರಿಗೇ ಕೊಟ್ಟೆ. ಕುರಿ ಚರ್ಮ ತಂದು ಅವರು ಕತ್ತರಿಸಿದರು, ಆ ಸಣ್ಣ ಹೊಲಿಗೆಯನ್ನು ಮನೆಯಲ್ಲಿ ಅವರ ಮಗಳು ನಸೀಮಾ ಹಾಕಿದಳು. ಅವರು ಅದಕ್ಕೆ ಇಟ್ಟ ಹೆಸರು ‘ಕಿವಿ ದಿಂಬು’. ಹಾಕಿಕೊಂಡು ಕೇಳಿದೆ. ಕಂಪನಿಯದಕ್ಕಿಂತ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಗುಂಪಿಗೆ ಬರೆದೆ. ಮೈಸೂರಿನಿಂದ, ಕೊಯಮತ್ತೂರಿನಿಂದ ಪಾರ್ಸೆಲ್ ಬರತೊಡಗಿದವು. ಆರೇಳು ತಿಂಗಳಲ್ಲಿ ಅಂಗಡಿಯ ಮುಂದೆ ಹೊಸ ಬೋರ್ಡು ಬಿತ್ತು: ‘ಹೆಡ್‌ಫೋನ್ ಕಿವಿ ದಿಂಬು ಮಾಡಿಕೊಡಲಾಗುವುದು’. ನಸೀಮಾಗೆ ಮನೆಯಲ್ಲೇ ಕೈತುಂಬ ಕೆಲಸ. “ಎಲ್ಲ ನಿಮ್ಮಿಂದ ಸಾರ್” ಎಂದು ಇನಾಯತ್ ಟೀ ತರಿಸಿದರು. ನಾನೂ ಹೌದೆನ್ನುವಂತೆ ಕುಡಿದೆ.

ಆ ಮಳೆಗಾಲದಲ್ಲಿ ನನಗೆ ಒಂದು ವಾರ ಜ್ವರ ಬಂತು. ಕಿವಿ ಗುಂಯ್ ಎನ್ನುತ್ತಿತ್ತು, ಶೀತ ಎಂದುಕೊಂಡೆ. ಎದ್ದಾಗ, ಇನಾಯತ್ ಅವರಿಗೆ ಕೊಟ್ಟಿದ್ದ ಜರ್ಮನಿಯದು ಹೊಸ ದಿಂಬು ಹಾಕಿಸಿಕೊಂಡು ಬಂದು ಕಾದಿತ್ತು. ಹಾಕಿ ಕೇಳಿದರೆ ಎಡಗಡೆ ಮಂಕು. ಮೃದಂಗದ ಒಂದು ಮಗ್ಗುಲೇ ಸೋರಿಹೋಗಿತ್ತು. ಜಪಾನಿನದನ್ನು ತೆಗೆದು ನೋಡಿದೆ, ಅದರಲ್ಲೂ ಎಡಗಡೆಯೇ ಮಂಕು. ನೀವಾಗಿದ್ದರೆ ಏನು ಯೋಚಿಸುತ್ತಿದ್ದಿರೋ, ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಾನು ಹೀಗೆ ಯೋಚಿಸಿದೆ: ಎರಡಕ್ಕೂ ಕೈ ಹಾಕಿದವರು ಒಬ್ಬರೇ, ಎರಡೂ ಒಂದೇ ಕಡೆ ಕೆಟ್ಟಿವೆ, ಆದ್ದರಿಂದ ಕೆಡಿಸಿದವರು ಅವರೇ. ಎರಡನ್ನೂ ಹಾಕಿಕೊಂಡ ತಲೆಯೂ ಒಂದೇ ಎಂಬುದು ಹೊಳೆಯಲಿಲ್ಲ.

ಮರುದಿನ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಇಬ್ಬರು ಲಾರಿ ಡ್ರೈವರುಗಳಿದ್ದರು, ಟ್ರ್ಯಾಕ್ಟರ್ ಸೀಟು ತಂದ ರೈತರೊಬ್ಬರಿದ್ದರು, ಪಕ್ಕದ ಪಂಕ್ಚರ್ ಅಂಗಡಿಯವರಿದ್ದರು. “ಎರಡರಲ್ಲೂ ಎಡಗಡೆ ಸತ್ತೋಗಿದೆ. ಒಳಗೆ ಏನ್ ಮಾಡಿದ್ರಿ?” ಎಂದೆ. ಇನಾಯತ್ ಎರಡನ್ನೂ ನನ್ನ ಫೋನಿಗೆ ಚುಚ್ಚಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಜರ್ಮನಿಯದನ್ನು ಹಿಂದುಮುಂದಾಗಿ ತಿರುಗಿಸಿ ನನ್ನ ತಲೆಗೆ ಹಾಕಿದರು.

“ಈಗ ಯಾವ್ ಕಡೆ ಕಮ್ಮಿ ಅದೆ ಸಾರ್?”

“ಎಡಗಡೆ. ಆಗ್ಲೇ ಹೇಳಿದ್ನಲ್ಲ.”

ತೆಗೆದು, ಸರಿಯಾಗಿ ತಿರುಗಿಸಿ ಮತ್ತೆ ಹಾಕಿದರು. “ಈಗ?”

“ಎಡಗಡೇನೇ.”

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆ ನೋಟ ನನಗೆ ತಪ್ಪಿತಸ್ಥನ ನೋಟದಂತೆ ಕಂಡಿತು. “ಏನ್ ಸಾಬ್ರೇ, ಉಲ್ಟಾ ಸೀದಾ ಮಾಡ್ಕೊಂಡು ಆಟ ಆಡ್ತಿದ್ದೀರಾ? ಎಡ ಬಲ ಅಂತ ಅದರ ಮೇಲೇ ಬರೆದಿದೆ. ಓದಕ್ಕೆ ಬರಲ್ಲ ಅಂದ್ರೆ ಲಾರಿ ಸೀಟ್ ಹೊಲ್ಕೊಂಡಿರಿ” ಎಂದೆ. ಇದನ್ನು ಮೆಲ್ಲಗೆ ಹೇಳಿದೆ ಎಂದು ಬರೆಯಲು ಆಸೆಯಾಗುತ್ತದೆ. ಮೆಲ್ಲಗೆ ಹೇಳಲಿಲ್ಲ. ರೈತರು ಟ್ರ್ಯಾಕ್ಟರ್ ಸೀಟನ್ನು ನೋಡುತ್ತ ಕೂತರು. ಇನಾಯತ್ ಹೆಡ್‌ಫೋನನ್ನು ಚೀಲದಲ್ಲಿಟ್ಟು, “ನಂದೇ ಕೈ ತಪ್ಪೋಗದೆ ಸಾರ್. ಬ್ಯಾಸ್ರ ಮಾಡ್ಕಬ್ಯಾಡಿ” ಎಂದರು.

ತಪ್ಪೊಪ್ಪಿಕೊಂಡರಲ್ಲ, ಇನ್ನೇನು ಬೇಕು? ಬಸ್ಸಿನಲ್ಲೇ ಗುಂಪಿಗೆ ಬರೆದೆ: ಗುಂಡ್ಲುಪೇಟೆಗೆ ಯಾರೂ ಏನೂ ಕಳಿಸಬೇಡಿ, ಎರಡು ಒಳ್ಳೆಯ ಹೆಡ್‌ಫೋನು ಹಾಳಾದವು. ಬಂಗಾರದ ಕಿವಿ ಹೇಳಿದ ಮೇಲೆ ಮುಗಿಯಿತು. ಪಾರ್ಸೆಲ್ ನಿಂತವು. ಆ ಕುರಿ ಚರ್ಮದ ದಿಂಬುಗಳನ್ನು ಕಿತ್ತು ಬಿಸಾಕಿ ಕಂಪನಿಯ ದಿಂಬು ತರಿಸಿದೆ. ಎಡಗಡೆ ಸರಿಹೋಗಲಿಲ್ಲ. ಒಳಗಿನ ಭಾಗವನ್ನೇ ಕೆಡಿಸಿದ್ದಾರೆ ಎಂದುಕೊಂಡು, ಆಂಪ್ಲಿಫೈಯರಿನಲ್ಲಿ ಎಡಬಲದ ಸದ್ದು ಹೊಂದಿಸುವ ಬ್ಯಾಲೆನ್ಸ್ ಗುಂಡಿಯನ್ನು ಎಡಕ್ಕೆ ಒಂದಿಷ್ಟು ತಿರುಗಿಸಿಟ್ಟೆ. ವರ್ಷಕ್ಕೊಮ್ಮೆ ಇನ್ನೊಂದಿಷ್ಟು. ಹೀಗೆ ಆರು ವರ್ಷ. ಆರು ವರ್ಷವೂ ಯಾವ ಹೆಡ್‌ಫೋನು ಮೇಲೆಂದು ಊರವರಿಗೆಲ್ಲ ತೀರ್ಪು ಕೊಡುತ್ತಲೇ ಇದ್ದೆ.

ಹರದನಹಳ್ಳಿಯ ಮಹದೇವಸ್ವಾಮಿ ನನ್ನ ಹಳೆಯ ವಿದ್ಯಾರ್ಥಿ, ಈಗ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಅವನಿಗೂ ಇದೇ ಹುಚ್ಚು. ಹೋದ ತಿಂಗಳು ಅಲ್ಲಿ ಮೆಷಿನ್ನಿನ ಸದ್ದಿನಲ್ಲಿ ಕೆಲಸ ಮಾಡುವವರ ಕಿವಿ ಪರೀಕ್ಷೆಗೆ ಡಬ್ಬಿಯಂಥ ಒಂದು ಕೋಣೆ ತಂದಿಟ್ಟಿದ್ದರು. “ಬನ್ನಿ ಸಾ, ನಿಮ್ ಕಿವಿ ಎಷ್ಟ್ ಚುರುಕಾಗದೆ ನೋಡ್ಬುಡನ. ನಮ್ ಹುಡುಗ್ರಿಗೆ ತೋರ್ಸ್ಬೇಕು” ಎಂದು ಕರೆದ. ಖುಷಿಯಿಂದ ಹೋದೆ. ಒಳಗೆ ಕೊಟ್ಟ ಹೆಡ್‌ಫೋನು ನೋಡಿ ನಗು ಬಂತು. ಗಟ್ಟಿ ರಬ್ಬರು, ಕೆಂಪು ನೀಲಿ ಬಣ್ಣ, ಸಂಗೀತ ಕೇಳಲು ಲಾಯಕ್ಕಲ್ಲದ್ದು. ಪೀಂ ಎಂದು ಕೇಳಿದಾಗ ಗುಂಡಿ ಒತ್ತಬೇಕು. ಬಲಗಿವಿಗೆ ಒತ್ತಿದೆ, ಒತ್ತಿದೆ. ಎಡಗಿವಿಗೆ ಇನ್ನೂ ಶುರು ಮಾಡಿಲ್ಲವೇನೋ ಎಂದು ಕಾಯುತ್ತ ಕೂತಿದ್ದೆ. ಬಾಗಿಲು ತೆಗೆದು, ಮುಗೀತು ಎಂದರು. ನನ್ನ ಜೀವನದಲ್ಲಿ ಹಾಕಿಕೊಂಡ ಹೆಡ್‌ಫೋನುಗಳಲ್ಲಿ ಅದೊಂದೇ ನನಗೆ ನಿಜ ಹೇಳಿದ್ದು. ಮಹದೇವಸ್ವಾಮಿ ಹಾಳೆ ನೋಡಿ, ಹುಡುಗರನ್ನು ಏನೋ ನೆಪ ಹೇಳಿ ಆಚೆ ಕಳಿಸಿದ.

ಮೈಸೂರಿನ ಡಾಕ್ಟರು, ಇದು ಹಳೆಯದು, ಆ ಜ್ವರದ ವಾರದಲ್ಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. “ಗೊತ್ತು” ಎಂದಳು. ಹೇಳಬಹುದಿತ್ತಲ್ಲ ಎಂದೆ. “ಒಂದ್ಸಲ ಹೇಳಿದ್ದೆ. ನನ್ ಕಿವಿ ವಿಚಾರ ನಂಗ್ ಹೇಳ್ಬೇಡ ಅಂದ್ಬುಟ್ರಿ. ಆಮೇಲೆ ನಂಗ್ಯಾಕೆ ಅಂತ ಸುಮ್ನಾದೆ.” ನಾನು ಎಂಥ ಮನುಷ್ಯನಾಗಿದ್ದೆ ನೋಡಿ. ನನ್ನದೇ ಕಿವಿಯ ಸುದ್ದಿಯನ್ನು ನನಗೆ ಇನ್ನೊಂದು ಸಲ ಹೇಳಲು ಮನೆಯವಳಿಗೂ ಧೈರ್ಯವಿರಲಿಲ್ಲ.

ಕಳೆದ ವಾರ ಗುಂಡ್ಲುಪೇಟೆಗೆ ಹೋದೆ. ಇನಾಯತ್ ಗಡ್ಡ ಪೂರಾ ಬೆಳ್ಳಗಾಗಿದೆ. “ಬನ್ನಿ ಸಾರ್” ಎಂದು ಎದ್ದರು, ನಿನ್ನೆ ಮೊನ್ನೆ ಬಂದು ಹೋದವನನ್ನು ಕರೆದಂತೆ. ಅವರು ರೆಕ್ಸಿನ್ ಹಾಸಿ ಕತ್ತರಿಸುತ್ತಿದ್ದದ್ದು ಒಂದು ತಗಡಿನ ಬೋರ್ಡಿನ ಮೇಲೆ, ರೆಕ್ಸಿನ್ ಪಕ್ಕದಲ್ಲಿ ‘ದಿಂಬು’ ಎನ್ನುವ ಅಕ್ಷರ ಕಾಣುತ್ತಿತ್ತು. ಅವತ್ತು ಕೆಟ್ಟಿದ್ದು ಹೆಡ್‌ಫೋನಲ್ಲ, ನನ್ನ ಎಡಗಿವಿ ಎಂದೆ.

“ಗೊತ್ತಿತ್ತು ಸಾರ್.”

“ಮತ್ತೆ ನಿಮ್ಮ ಕೈ ತಪ್ಪು ಅಂತ ಯಾಕ್ ಹೇಳಿದ್ರಿ?”

“ಅಂಗ್ಡೀಲಿ ನಾಕ್ ಜನ ಕುಂತಿದ್ರು. ನೀವು ಕಾಲೇಜ್ ಮೇಷ್ಟ್ರು. ನಾಕ್ ಜನದ್ ಮುಂದೆ ನಿಮ್ಗೆ ಕಿವಿ ಕೇಳಕಿಲ್ಲ ಅನ್ನಕಾಯ್ತದಾ?” ಕತ್ತರಿ ಕೆಳಗಿಟ್ಟರು. “ಆಮ್ಯಾಕೆ ನೀವೊಬ್ರೇ ಸಿಕ್ದಾಗ ಹೇಳ್ಬುಡನ ಅಂತಿದ್ದೆ. ನೀವು ರೋಡ್ನಲ್ಲಿ ಆ ಕಡೆ ಓಡಾಡಕ್ ಸುರು ಮಾಡ್ಬುಟ್ರಿ.”

ಹೌದು, ಅಂಗಡಿ ಸಿಗಬಾರದೆಂದು ಎದುರು ಬದಿಯಲ್ಲೇ ನಡೆದು ಬಸ್ಸು ಹಿಡಿಯುತ್ತಿದ್ದೆ. ಅದೇ ನಾಲ್ಕು ಜನರ ಮುಂದೆ ನಾನು ಅವರ ಮಾನ ಕಳೆದೆ, ಅವರು ನನ್ನದನ್ನು ಉಳಿಸಿದರು. ಆ ಮರ್ಯಾದೆಗೆ ಬೆಲೆಯಾಗಿ ನನ್ನ ಕಿವಿ ಹೋಯಿತಲ್ಲ ಎಂದು ಒಂದು ಕ್ಷಣ ಅವರ ಮೇಲೇ ಸಿಟ್ಟು ಬಂತು. ಅಂಥ ಹೊತ್ತಿನಲ್ಲೂ ನನಗೆ ಇನ್ನೊಬ್ಬರ ಮೇಲೆ ಸಿಟ್ಟು ಮಾಡಲು ಬರುತ್ತದೆ. ನಸೀಮಾ ಹೇಗಿದ್ದಾಳೆ ಎಂದು ಕೇಳಿದೆ. ದಿಂಬಿನ ಕೆಲಸ ನಿಂತ ಮೇಲೆ ಒಂದಷ್ಟು ದಿನ ಮನೆಯಲ್ಲಿದ್ದು, ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ. ಬೆಳಿಗ್ಗೆ ಆರಕ್ಕೆ ವ್ಯಾನು ಬರುತ್ತದೆ. “ದಿನಾ ಒಂದೇ ಹೊಲಿಗೆ, ಕಾಲರ್ ಮಾತ್ರ. ಬ್ಯಾಜಾರು ಅಂತಾಳೆ” ಎಂದರು. ಗುಂಪಿನವರಿಗೆ ನಿಜ ಬರೆಯುತ್ತೇನೆ ಎಂದೆ. “ಬ್ಯಾಡಿ ಸಾರ್, ಅವ್ರ ಮುಂದೆ ನಿಮ್ಗ್ಯಾಕೆ” ಎಂದು ಎದ್ದು, ತಮ್ಮ ಸ್ಟೂಲನ್ನು ನನ್ನ ಬಲಗಡೆಗೆ ಹಾಕಿಕೊಂಡು ಕೂತರು. ಅವರು ಬೇಡವೆಂದದ್ದೇ ಸಾಕಾಯಿತು. ನಾನು ಎರಡನೇ ಸಲ ಹೇಳಲಿಲ್ಲ, ಬಸ್ಸು ಹತ್ತಿ ಬಂದುಬಿಟ್ಟೆ. ಒಂದು ವಾರ ಬರೆಯಲೂ ಇಲ್ಲ.

ಇವತ್ತು ಬೆಳಿಗ್ಗೆ ಭುಜದ ಮೇಲಿನ ಚೂರುಗಳನ್ನು ಕೊಡವಿಕೊಂಡ ಮೇಲೆ ಕೂತು ಬರೆದೆ. ಗುಂಡ್ಲುಪೇಟೆಯ ಇನಾಯತ್ ಅವರ ಕೆಲಸ ಕೆಟ್ಟದ್ದೆಂದು ಆರು ವರ್ಷದ ಹಿಂದೆ ಹೇಳಿದ್ದೆ, ಕೆಟ್ಟಿದ್ದು ನನ್ನ ಎಡಗಿವಿ, ಆಮೇಲೆ ನಾನು ಕೊಟ್ಟ ತೀರ್ಪುಗಳೆಲ್ಲ ಒಂದೇ ಕಿವಿಯವು, ಅವರ ದಿಂಬುಗಳು ಕಂಪನಿಯವಕ್ಕಿಂತ ಚೆನ್ನಾಗಿದ್ದವು. ಕೊನೆಗೆ ಅವರ ಫೋನ್ ನಂಬರು. ಕಳಿಸಿದೆ. ಹತ್ತು ನಿಮಿಷಕ್ಕೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಬೇಗ ಹುಷಾರಾಗಿ ಎಂದರು ಕೆಲವರು. ಆಮೇಲೆ ಕೊಯಮತ್ತೂರಿನವರೊಬ್ಬರು, ಹಾಗಾದರೆ ಆ ಜರ್ಮನಿಯ ಹೆಡ್‌ಫೋನು ಮಾರುವುದಿದ್ದರೆ ಮೊದಲು ನನಗೆ ಹೇಳಿ ಎಂದು ಬರೆದರು. ಮೈಸೂರಿನವರೊಬ್ಬರು ನಾನು ಎರಡು ವರ್ಷದಿಂದ ಅದಕ್ಕೇ ಕಾಯುತ್ತಿದ್ದೇನೆ ಎಂದರು. ಮಧ್ಯಾಹ್ನದ ಹೊತ್ತಿಗೆ ಯಾರು ಮೊದಲು ಕೇಳಿದ್ದು ಎಂದು ಅವರಿಬ್ಬರಿಗೆ ಜಗಳ ಹತ್ತಿತ್ತು.

ಸಂಜೆ ಇನಾಯತ್ ಅವರಿಗೆ ಫೋನ್ ಮಾಡಿದೆ. ಗುಂಪಿಗೆ ಬರೆದಿದ್ದೇನೆ, ಯಾರಾದರೂ ಫೋನ್ ಮಾಡಿದ್ದರಾ ಎಂದು ಕೇಳಿದೆ. ಆ ಕಡೆ ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು.

“ಇಲ್ಲ ಸಾರ್” ಎಂದರು. “ನಿಮ್ದೇ ಮೊದ್ಲು.”