ಗಾಳಿ ಅದ, ಗಾಳಿ ಇಲ್ಲ

ಅವತ್ತು ಬೀದರಿನ ಮನೆಯಲ್ಲಿ ಇದ್ದವರು ಇಬ್ಬರು: ನಾನು ಮತ್ತು ಗಾರೆ ಕೆಲಸದ ಗೌಂಡಿ ಚಾಂದ್‌ಭಾಯಿ. ಭಾಲ್ಕಿಯಲ್ಲಿ, ಹೆಂಡತಿಯ ತಮ್ಮನ ಮನೆಯಲ್ಲಿ, ಇದ್ದ ನಮ್ಮವರು ಮೂವರು: ನನ್ನ ಹೆಂಡತಿ ಸುವರ್ಣಾ, ಆರು ವರ್ಷದ ಮಗಳು ನೀಲು, ಔರಾದದಿಂದ ಬಂದಿದ್ದ ನಮ್ಮ ಅತ್ತೆ. ನಡುವೆ ಬಸ್ಸಿನಲ್ಲಿ ಒಂದು ತಾಸಿನ ಮೇಲಿನ ದಾರಿ. ಯಾರು ಎಲ್ಲಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಸಂಗತಿ ಹೇಳಲು ಕೂತಾಗಲೆಲ್ಲ ಯಾರಾದರೊಬ್ಬರು ನಡುವೆ ಬಾಯಿ ಹಾಕಿ, ಮಗಳು ಅಲ್ಲೇ ಇದ್ದಿರಬೇಕು, ನೋಡಿರಬೇಕು ಎನ್ನುತ್ತಾರೆ. ಇರಲಿಲ್ಲ. ನೋಡಿರಲೂ ಇಲ್ಲ.

ನಾನು ಇಂಥವನ್ನು ನಂಬುವ ಪೈಕಿಯವನಲ್ಲ. ಹಲಬರ್ಗಾದಲ್ಲಿ ನನ್ನನ್ನು ಬೆಳೆಸಿದ ಅಜ್ಜ ನಂಬಗೊಡಲಿಲ್ಲ. ಊರವರೆಲ್ಲ ಅಂಜಿ ಸುತ್ತುಹಾಕಿ ಹೋಗುವ ಹುಣಸೆಮರ ಒಂದಿತ್ತು. "ಕೊರಳಾಗ ಲಿಂಗ ಕಟ್ಕೊಂಡು ಹುಣಸಿ ಗಿಡಕ್ಕ ಅಂಜ್ತಿಯೇನೋ ಹುಚ್ಚಪ್ಯಾಲಿ?" ಎಂದು ಬೈದು ಅದರ ಬುಡದಲ್ಲೇ ಕೂಡಿಸಿ ನನಗೆ ರೊಟ್ಟಿ, ಶೇಂಗಾ ಹಿಂಡಿ ತಿನ್ನಿಸಿದ್ದರು. ಮುಂದೆ ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದೆ. ಅಜ್ಜನ ಮಾತಿಗೆ ಗಣಿತವೂ ಸೇರಿದ ಮೇಲೆ ದೆವ್ವಕ್ಕೆ ನನ್ನಲ್ಲಿ ಜಾಗವೇ ಉಳಿಯಲಿಲ್ಲ.

ಆಗ ನಾವು ಬೀದರಿನ ಒಂದು ಹಳೇ ಓಣಿಯಲ್ಲಿ ಬಾಡಿಗೆಗಿದ್ದೆವು. ಕೆಂಪು ಕಲ್ಲಿನ ಮನೆ, ಎರಡು ಕೋಣೆ, ಮುಂದಿನ ಕೋಣೆಗೆ ಒಂದೇ ಕಿಟಕಿ. ಒಳಕೋಣೆಗೆ ಕಿಟಕಿಯೇ ಇಲ್ಲ. ಬೇಸಿಗೆಯಲ್ಲಿ ಹಿಡಿದಿದ್ದ ಮನೆ. ತಂಪಾಗಿದೆ ಎಂದು ಖುಷಿಪಟ್ಟು ನಾವೇ ಮಗಳ ಮಂಚವನ್ನು ಒಳಕೋಣೆಯ ಗೋಡೆಗೆ ಹಚ್ಚಿ ಹಾಕಿದ್ದೆವು. ಮಳೆ ಹಿಡಿದ ಮೇಲೆ ತಿಳಿಯಿತು, ಪಕ್ಕದ ಮನೆಯ ಮಾಳಿಗೆ ನೀರೆಲ್ಲ ಅದೇ ಗೋಡೆಗೆ ಇಳಿಯುತ್ತದೆ ಎಂದು. ಮೊದಲು ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಆಮೇಲೆ ಚುಕ್ಕಿಗಳು ಕೂಡಿ ಅಂಗೈಯಗಲ. ಜೊತೆಗೆ ನೆನೆದ ಗೋಣಿಚೀಲದ ವಾಸನೆ. ನಮ್ಮ ಮಂದಿ ಬೂಸರನ್ನು ಎಂದೂ ದೊಡ್ಡದು ಮಾಡಿದವರಲ್ಲ. ರೊಟ್ಟಿಗೆ ಬಂದರೆ ಎಮ್ಮೆಗೆ ಹಾಕುತ್ತೇವೆ, ಗೋಡೆಗೆ ಬಂದರೆ ಕ್ಯಾಲೆಂಡರ್ ತೂಗುಹಾಕುತ್ತೇವೆ. ನಾನೂ ತೂಗುಹಾಕಿದೆ.

ಶ್ರಾವಣ ಮುಗಿಯುವುದರೊಳಗೆ ನೀಲುಗೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಕೊನೆಗೆ ಎದೆಯಿಂದ ಸಿಳ್ಳೆಯಂಥ ಸದ್ದು. ಮಲಗಿದರೆ ಉಸಿರು ಸಾಲದೆ ಎದ್ದು, ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿತ್ತು ಕೂಸು. ಮಕ್ಕಳ ಡಾಕ್ಟರಮ್ಮ ಎದೆ ನೋಡಿ, ಮನೆಯ ವಿವರವನ್ನೆಲ್ಲ ಕೇಳಿ, ಸಿಟ್ಟಿಗೆದ್ದರು.

"ಆ ಕೋಣ್ಯಾಗ ಗಾಳಿ ಇಲ್ರಿ ಮಾಸ್ತರ. ಬೂಸರ ಇದ್ದಲ್ಲಿ ಇಂಥ ಕೂಸಿಗಿ ಉಸಿರು ಹತ್ತೇ ಹತ್ತತದ. ನೀಲುಗ ಔಷಧ ನಾ ಕೊಡ್ತೀನಿ, ಗ್ವಾಡಿಗಿ ಯಾರು ಕೊಡ್ತಾರ?"

ಗೋಡೆಗೆ ಕೊಡಬೇಕಾದವರು ಮನೆಯ ಮಾಲಕರು. ಅವರು ಕೊಟ್ಟದ್ದು ಬಣ್ಣ. ಮೂರು ಸಲ ಹೇಳಿದೆ, ಮೂರು ಸಲವೂ ಬೂಸರಿನ ಮೇಲೆಯೇ ಬಣ್ಣ ಬಳಿಸಿದರು. ಹದಿನೈದು ದಿನ ಗೋಡೆ ಮದುವಣಗಿತ್ತಿ, ಹದಿನಾರನೆಯ ದಿನ ಮತ್ತೆ ಅದೇ ಕಪ್ಪು. "ನೀವು ನೀರು ಬಾಳ ಚೆಲ್ತೀರಿ ಮಾಸ್ತರ" ಎಂದು ತಪ್ಪನ್ನು ನನ್ನ ತಲೆಗೇ ಕಟ್ಟಿದರು. ಬೇರೆ ಮನೆ ಹುಡುಕಿದೆ, ಸಿಗಲಿಲ್ಲ. ಮಂಚವನ್ನು ಮುಂದಿನ ಕೋಣೆಗೆ ತಂದೆ, ನಡುವೆ ಬಾಗಿಲೇ ಇರದ ಮನೆಯಲ್ಲಿ ವಾಸನೆಯೂ ಹಿಂದೆಯೇ ಬಂತು.

ಇಷ್ಟರಲ್ಲಿ ಔರಾದದಿಂದ ಅತ್ತೆ ಬಂದರು. ಒಳಕೋಣೆಯ ಹೊಸ್ತಿಲಲ್ಲಿ ನಿಂತು ಮೂಗೇರಿಸಿ, "ಅಳಿಯಾರ, ಈ ಮನ್ಯಾಗ ಗಾಳಿ ಅದ" ಎಂದರು.

"ಗಾಳಿ ಇಲ್ಲ ಅಂದಾರ್ರಿ ಡಾಕ್ಟರು."

"ಅವರಿಗೇನು ಗೊತ್ತಾಗ್ತದ? ಕಿವ್ಯಾಗ ನಳಗಿ ತುರುಕೊಂಡು ಕುಂತಿರ್ತಾರ."

ಒಂದೇ ಮಾತು, ಎರಡು ಗಾಳಿ. ಡಾಕ್ಟರಮ್ಮ ಬೇಕೆಂದದ್ದು ಬೀಸುವ ಗಾಳಿ, ಅತ್ತೆ ಓಡಿಸಬೇಕೆಂದದ್ದು ಮೈಮೇಲೆ ಬರುವ ಗಾಳಿ. ನಾನು ಸಾಲೆಗೆ ಹೋದ ಹೊತ್ತಿನಲ್ಲಿ ಅತ್ತೆ ಇದ್ದ ಒಂದು ಕಿಟಕಿಯನ್ನೂ ಮುಚ್ಚಿ, ಆ ಗಾಳಿಗೆ ಉಸಿರು ಕಟ್ಟಲಿ ಎಂದು ಲೋಬಾನದ ಹೊಗೆ ಹಾಕುತ್ತಿದ್ದರು. ಉಸಿರು ಕಟ್ಟಿದ್ದು ನೀಲುಗೆ. ನಾನು ಕಿಟಕಿ ತೆರೆಯುವುದು, ಅವರು ಮುಚ್ಚುವುದು. ದೊಡ್ಡವರಿಗೆ ಎದುರು ಮಾತಾಡಿದವನಲ್ಲ. ಆ ದಿನಗಳಲ್ಲಿ ಅದೂ ಆಯಿತು. ಕೊನೆಗೆ ಸುವರ್ಣಾ ಇಬ್ಬರಿಗೂ ಕೈಮುಗಿದು, ಮಗಳನ್ನೂ ತಾಯಿಯನ್ನೂ ಕರೆದುಕೊಂಡು ಭಾಲ್ಕಿಯಲ್ಲಿರುವ ತನ್ನ ತಮ್ಮನ ಮನೆಗೆ ಹೋದಳು. ಅಲ್ಲಿ ನಾಲ್ಕೇ ದಿನದಲ್ಲಿ ಕೆಮ್ಮು ಇಳಿಯಿತು. ವಾರದಲ್ಲಿ ನೀಲು ಅಂಗಳದಲ್ಲಿ ಕುಂಟಾಟ ಆಡುತ್ತಿದ್ದಳು. ಗೋಡೆಯದೇ ಕೇಡು ಎಂದು ನನಗಾಗ ಖಾತ್ರಿಯಾಯಿತು.

ಎರಡನೆಯ ಭಾನುವಾರ ಬೆಳಿಗ್ಗೆ, ಹೇಳದೆ ಕೇಳದೆ, ಮಾಲಕರು ಗೌಂಡಿ ಚಾಂದ್‌ಭಾಯಿಯನ್ನು ತಂದು ಬಿಟ್ಟರು. "ಗಿಲಾವ ಒಡ್ಸಿಬಿಡ್ರಿ, ಮತ್ತ ಮತ್ತ ನನ್ನ ತಲಿ ತಿನ್ನಬ್ಯಾಡ್ರಿ" ಎಂದು ಹೋದರು. ಹಿಂದಿನ ದಿನ ನನಗೇ ಗೊತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಹೇಳಿ ಖುಷಿಪಡಿಸೋಣ ಎಂದು ಭಾಲ್ಕಿಗೆ ಫೋನೂ ಮಾಡಲಿಲ್ಲ. ಈ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ನೆನಪಿಡಿ.

ಹನ್ನೊಂದರ ಚಹಾ ಕುಡಿದು, ಡಾಕ್ಟರಮ್ಮ ಹಿಂದೊಮ್ಮೆ ಹೇಳಿದ್ದಂತೆ ಗೋಡೆಗೆ ನೀರು ಚಿಮುಕಿಸಿ, ಇಬ್ಬರೂ ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡೆವು. ಚಾಂದ್‌ಭಾಯಿ ಸುತ್ತಿಗೆ ಎತ್ತಿದರು. ಕಾಲು ತಾಸು ಬಡಿದ ಮೇಲೆ ಗಿಲಾವು ಹಪ್ಪಳದಂತೆ ಕಳಚಿತು. ಅದರ ಹಿಂದೆ, ಹಳೇ ಮನೆಗಳಲ್ಲಿ ದೀಪ ಇಡಲು ಬಿಡುತ್ತಿದ್ದಂಥ ಒಂದು ಗೂಡು. ಯಾರೋ ಯಾವ ಕಾಲದಲ್ಲೋ ಅದರೊಳಗೆ ಗೋಣಿತಟ್ಟು ತುರುಕಿ ಮೇಲೆ ಗಿಲಾವು ಮಾಡಿಬಿಟ್ಟಿದ್ದರು. ತಟ್ಟಿನ ತುಂಬ ಬೆರಳುದ್ದದ ಕಪ್ಪು ಬೂಸರು, ಉಣ್ಣೆಯ ಹಾಗೆ, ಮೆತ್ತಗೆ.

"ಅರೆ ತೇರಿ," ಎಂದರು ಚಾಂದ್‌ಭಾಯಿ. "ಕರಿ ಕುರಿಮರಿ ಮಲಗಿದಂಗ ಅದ ನೋಡ್ರಿ ಮಾಸ್ತರ."

ನಕ್ಕೆವು. ಅದರ ಫೋಟೋ ತೆಗೆದು ಮಾಲಕರ ಮುಖಕ್ಕೆ ಹಿಡಿಯಬೇಕೆಂದು ಫೋನ್ ತರಲು ಮುಂದಿನ ಕೋಣೆಗೆ ಹೋದೆ. ಸುವರ್ಣಾಳಿಂದ ಮೂರು ಕರೆ ಬಂದಿದ್ದವು, ಸುತ್ತಿಗೆಯ ಸದ್ದಿನಲ್ಲಿ ಕೇಳಿರಲಿಲ್ಲ. ಮಾಡಿದೆ. ಅಳುತ್ತಿದ್ದಳು.

"ಮನ್ಯಾಗ ಏನ್ ಮಾಡ್ಲತ್ತೀರಿ ನೀವು?"

"ಯಾಕ? ಏನಾಯ್ತು?"

"ನೀಲು ಆಡ್ಲತ್ತಿತ್ತು, ಒಮ್ಮೆಲೆ ಕೆಮ್ಮು ಹತ್ತಿ ಕುಂತುಬಿಡ್ತು. ಉಸಿರ ಸಾಲವಲ್ದು. 'ಅಪ್ಪಗ ಗ್ವಾಡಿ ಒಡಿಬ್ಯಾಡ ಅನ್ನು, ಅದರಾಗ ಕರಿ ಕುರಿಮರಿ ಮಲಗ್ಯಾದ, ಏಳ್ತದ' ಅಂತದ. ಆಟೋದಾಗ ದವಾಖಾನಿಗಿ ಹೊಂಟೀವಿ."

ಫೋನ್ ಕಿಸೆಗೆ ಹಾಕಿ ಒಳಕೋಣೆಯ ಹೊಸ್ತಿಲಿಗೆ ಬಂದೆ. ಒಳಗಿನಿಂದ ಚಾಂದ್‌ಭಾಯಿ, "ತೆಗೀಲ್ಯಾ, ಬಿಡ್ಲ್ಯಾ?" ಎಂದು ಕೇಳಿದರು. ಇಪ್ಪತ್ತು ವರ್ಷ ಮಕ್ಕಳಿಗೆ ಲೆಕ್ಕ ಬಿಡಿಸಿಕೊಟ್ಟವನಿಗೆ ತೆಗೆಯಿರಿ ಎನ್ನಬೇಕೋ ಬಿಡಿ ಎನ್ನಬೇಕೋ ತಿಳಿಯಲಿಲ್ಲ. ಸುವರ್ಣಾ ಹೇಳಿದ್ದನ್ನು ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟರು. ಆದರೂ, "ಅರ್ಧಕ್ಕ ಬಿಡಬಾರದು" ಎಂದು ಬಾಯಲ್ಲಿ ಏನೋ ಪಠಿಸುತ್ತ ಆ ತಟ್ಟನ್ನು ನೀರಿನಲ್ಲಿ ತೋಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಓಣಿಯಾಚೆ ಒಯ್ದರು. ಸ್ವಲ್ಪ ಹೊತ್ತಿಗೆ ಸುವರ್ಣಾಳ ಫೋನ್ ಬಂತು: ಮಾಸ್ಕ್ ಹಾಕಿ ಔಷಧದ ಹಬೆ ಕೊಟ್ಟಿದ್ದಾರೆ, ಉಸಿರು ಸರಿಯಾಗಿದೆ. ತಟ್ಟು ಹೊರಗೆ ಹೋದದ್ದು ಮೊದಲೋ ಉಸಿರು ಬಂದದ್ದು ಮೊದಲೋ, ಹೇಳಲಾರೆ. ಗಡಿಯಾರ ನೋಡುವ ಎಚ್ಚರ ನನಗಿರಲಿಲ್ಲ. ಅಷ್ಟು ಧೂಳಿನಲ್ಲಿ ನಿಂತ ನಾವಿಬ್ಬರೂ ಒಂದು ಸಲವೂ ಕೆಮ್ಮಿರಲಿಲ್ಲ.

ಸಂಜೆ ಭಾಲ್ಕಿಗೆ ಹೋಗಿ ನೀಲುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕುರಿಮರಿಯ ಮಾತು ತೆಗೆದೆ. "ಯಾವ ಕುರಿಮರಿ ಅಪ್ಪಾ? ತರ್ತೀಯೇನು?" ಎಂದಳು. ಅತ್ತೆ ನನ್ನ ಕಡೆ ನೋಡಿ, "ಈಗರ ನಂಬ್ತೀರಿಲ್ಲ?" ಎಂದರು. ಡಾಕ್ಟರಮ್ಮನಿಗೆ ಹೇಳಿದರೆ, ಭಾಲ್ಕಿಯ ಮನೆ ಹತ್ತಿರ ತೊಗರಿಬೇಳೆ ಮಿಲ್ಲು ಇದೆಯಲ್ಲ, ಅದರ ಧೂಳಿಗೆ ಕೆಮ್ಮು ಬಂದಿರಬೇಕು ಎಂದರು. ಇರಬಹುದು. ಕುರಿಮರಿಯ ಮಾತು ಎಲ್ಲಿಂದ ಬಂತು ಎಂದು ಕೇಳಿದೆ. "ಮಕ್ಕಳು ಏನೇನೋ ಅಂತಾವ್ರಿ." ಒಬ್ಬರಿಗೆ ಕೆಮ್ಮು ಮಾತ್ರ ಬೇಕು, ಇನ್ನೊಬ್ಬರಿಗೆ ಕುರಿಮರಿ ಮಾತ್ರ ಬೇಕು. ನನ್ನ ಪಾಲಿಗೆ ಎರಡೂ ಕೂಡಿಯೇ ಬಂದಿದ್ದವು. ಈ ಮೂರು ವರ್ಷ ಎಷ್ಟು ಸಲ ಕೂಡಿ ಕಳೆದರೂ ಉತ್ತರ ಹತ್ತಿಲ್ಲ, ಅಜ್ಜ ಇದ್ದಿದ್ದರೆ ಏನೆನ್ನುತ್ತಿದ್ದರೋ ಗೊತ್ತಿಲ್ಲ.

ಮುಂದಿನ ತಿಂಗಳೇ ಬೇರೆ ಮನೆ ಸಿಕ್ಕಿ ಹೋದೆವು. ನೀಲುಗೆ ಈಗ ಒಂಬತ್ತು, ಮಳೆಗಾಲದಲ್ಲಿ ಚೀಲದಲ್ಲಿ ಉಸಿರಿನ ಪಂಪ್ ಇಟ್ಟುಕೊಳ್ಳುತ್ತಾಳೆ, ಉಳಿದ ದಿನ ಓಡುತ್ತಾಳೆ. ಹಳೇ ಮನೆಯ ಗೂಡಿಗೆ ಮಾಲಕರು ಇಟ್ಟಂಗಿ ತುಂಬಿ, ಗಿಲಾವು ಮಾಡಿಸಿ, ಒಣಗುವ ಮೊದಲೇ ಬಣ್ಣ ಹೊಡೆಸಿದರು. ಮಾಳಿಗೆಯ ನೀರು ಇಳಿಯುವುದನ್ನು ಮಾತ್ರ ತಡೆಯಲಿಲ್ಲ. ಹೋದ ವರ್ಷ ಅಲ್ಲಿಗೆ ಎಳೇ ಕೂಸಿರುವ ಗಂಡ ಹೆಂಡತಿ ಬಂದರೆಂದು ಕೇಳಿ, ಎಚ್ಚರಿಕೆ ಹೇಳಿಬರೋಣ ಎಂದು ಹೋದೆ. ಮೊದಲಿನಿಂದ ಕೊನೆಯವರೆಗೆ, ಇಲ್ಲಿ ನಿಮಗೆ ಹೇಳಿದ ಹಾಗೆಯೇ, ಎಲ್ಲ ಹೇಳಿದೆ. ಆ ಹುಡುಗಿ ಕೂಸನ್ನು ಅವುಚಿಕೊಂಡು ಕಣ್ಣರಳಿಸಿ ಕೇಳಿದಳು. ಆಕೆಯ ಗಂಡ ನಕ್ಕು, "ಚಲೋ ಹೇಳ್ತೀರಿ ಬಿಡ್ರಿ ಮಾಸ್ತರ" ಎಂದ. ಹೇಳಬೇಕಾದದ್ದು ಹೇಳಿದೆ ಎಂದು ಸಮಾಧಾನದಿಂದ ಬಂದೆ.

ಈ ಮಳೆಗಾಲದಲ್ಲಿ ನೀಲುವನ್ನು ತೋರಿಸಲು ಹೋದಾಗ ಡಾಕ್ಟರಮ್ಮನ ಹೊರಕೋಣೆಯಲ್ಲಿ ಆ ಹುಡುಗಿ ಕೂತಿದ್ದಳು. ತೊಡೆಯ ಮೇಲಿನ ಕೂಸಿನ ಮುಖಕ್ಕೆ ಮಾಸ್ಕ್ ಹಾಕಿದ್ದರು. ನನ್ನ ಗುರುತು ಹಿಡಿದಳು.

"ಅಣ್ಣಾರ, ನೀವು ಕುರಿಮರಿ ಕಥಿ ಹೇಳಿ ಹೋದ್ರಿ. ದೆವ್ವಗಿವ್ವ ಏನಿಲ್ಲ ನಡಿ ಅಂತ ನಮ್ಮನ್ಯಾರು ನಗ್ಯಾಡಿದ್ರು. ಗ್ವಾಡಿ ಹಸಿ ಅದ, ಕೂಸಿಗಿ ಉಸಿರು ಹತ್ತತದ ಅಂತ ಅಷ್ಟೇ ಹೇಳಿದ್ರ ನಾ ಅವತ್ತೇ ಗಂಟು ಕಟ್ತಿದ್ದೆ."

ಗಂಟು ಕಟ್ಟಲು ನಾನೂ ಬರುತ್ತೇನೆ ಎಂದೆ. ಮುಂದಿನ ಭಾನುವಾರ ಅವರು ಮನೆ ಖಾಲಿ ಮಾಡಿದರು. ನಾನು ಹೋಗಿ ಮಂಚದ ಒಂದು ತುದಿ ಹಿಡಿದೆ, ಆಕೆಯ ಗಂಡ ಇನ್ನೊಂದು ತುದಿ ಹಿಡಿದ. ಇಬ್ಬರೂ ಕೂಡಿ ಟೆಂಪೋಕ್ಕೆ ಏರಿಸಿದೆವು.